ಕರ್ನೆಲ್ ಬದಲಾದರೆ ಪರದೆ ಏಕೆ ಕಪ್ಪಾಗಬೇಕು?

ಲಿನಕ್ಸ್ ಕರ್ನೆಲ್‌ನ ಮೂಲ ಸಂಕೇತದ ಜೊತೆಗೆ ಹಲವು ವಿವರಣಾ ಬರಹಗಳೂ ಬರುತ್ತವೆ. ಅವುಗಳಲ್ಲಿ ಒಂದನ್ನು ಕರ್ನೆಲ್ ತಂತ್ರಜ್ಞ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದಿದ್ದಾರೆ. ಕರ್ನೆಲ್‌ನ ಒಳಗಿನ ಇಂಟರ್‌ಫೇಸ್ ಸ್ಥಿರವಾಗಿಲ್ಲ, ಸ್ಥಿರವಾಗಿರಬೇಕಾದ ಅಗತ್ಯವೂ ಇಲ್ಲ ಎಂಬುದು ಅದರ ವಾದ. ವ್ಯವಸ್ಥೆಯನ್ನು ನವೀಕರಿಸಿದ ಮರುದಿನ ಕಪ್ಪು ಪರದೆಯ ಮುಂದೆ ಕುಳಿತವರೆಲ್ಲ ಓದಬೇಕಾದ ಬರಹ ಇದು. ಅದರಲ್ಲಿ ಒಪ್ಪಬೇಕಾದದ್ದು ಬಹಳವಿದೆ, ಪ್ರಶ್ನಿಸಬೇಕಾದದ್ದೂ ಇದೆ.

ಮೊದಲು ಒಂದು ಅನುಭವ. ತಿಪಟೂರು ಸೀಮೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಎರಡು ಲಿನಕ್ಸ್ ಗಣಕಗಳನ್ನು ಒಂದು ಸಂಜೆ ನವೀಕರಿಸಲಾಯಿತು. ಬೆಳಿಗ್ಗೆ ಎರಡರಲ್ಲೂ ಪರದೆ ಕಪ್ಪು. ದುರಸ್ತಿಗೆ ಬಂದವರು ಮೊದಲನೆಯದನ್ನು ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಿದರು. ವಿದ್ಯಾರ್ಥಿಗಳ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ದತ್ತಾಂಶ ಅದರೊಂದಿಗೇ ಹೋಯಿತು. ಎರಡನೆಯದಕ್ಕೆ ಕೈಹಚ್ಚುವ ಮೊದಲು ತಡೆದೆ. ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ ಆರಿಸಿ ಚಾಲೂ ಮಾಡಿದಾಗ ಪರದೆ ಎಂದಿನಂತೆ ಬಂತು. ಅಂದರೆ ಕಾರ್ಡು, ಮಾನಿಟರು, ಕೇಬಲು ಮೂರೂ ನಿರ್ದೋಷಿಗಳು. ಬದಲಾದದ್ದು ಕರ್ನೆಲ್ ಒಂದೇ. ತಯಾರಕರ ಮುಚ್ಚಿದ ಚಾಲಕದ ಮಾಡ್ಯೂಲ್ ಹಳೆಯ ಕರ್ನೆಲ್‌ಗೆ ಮಾತ್ರ ಸಿದ್ಧವಾಗಿತ್ತು. ಹೊಸ ಕರ್ನೆಲ್‌ನ ಹೆಡರ್ ಕಡತಗಳನ್ನು ಸ್ಥಾಪಿಸಿರಲಿಲ್ಲವಾದ್ದರಿಂದ ಅದಕ್ಕೆ ಮಾಡ್ಯೂಲ್ ತಯಾರಾಗಿರಲಿಲ್ಲ. ಹೆಡರ್‌ಗಳನ್ನು ಹಾಕಿ ಮಾಡ್ಯೂಲ್ ಕಟ್ಟಿದ ಮೇಲೆ ಗಣಕ ಸರಿಹೋಯಿತು.

ಹಾಗಾದರೆ ಒಂದು ಕರ್ನೆಲ್‌ಗೆ ಕಟ್ಟಿದ ಮಾಡ್ಯೂಲ್ ಇನ್ನೊಂದಕ್ಕೆ ಏಕೆ ಹೊಂದುವುದಿಲ್ಲ? ಕ್ರೋ-ಹಾರ್ಟ್‌ಮನ್ ಉತ್ತರ ಸ್ಪಷ್ಟವಾಗಿದೆ. ಬಳಕೆದಾರರ ತಂತ್ರಾಂಶ ಮತ್ತು ಕರ್ನೆಲ್ ನಡುವಿನ ಇಂಟರ್‌ಫೇಸ್ ಸ್ಥಿರ; ಬಹಳ ಹಿಂದೆ ಕಟ್ಟಿದ ತಂತ್ರಾಂಶ ಹೊಸ ಕರ್ನೆಲ್ ಮೇಲೂ ಓಡುತ್ತದೆ. ಆದರೆ ಚಾಲಕ ಕೂರುವುದು ಕರ್ನೆಲ್‌ನ ಒಳಗೆ. ಅಲ್ಲಿ ಕಂಪೈಲರ್ ಆವೃತ್ತಿಯೋ ಕರ್ನೆಲ್ ಕಟ್ಟುವಾಗಿನ ಆಯ್ಕೆಗಳೋ ಬದಲಾದರೆ ದತ್ತಾಂಶ ರಚನೆಗಳ ವಿನ್ಯಾಸವೇ ಬದಲಾಗಬಹುದು. ಮೇಲಾಗಿ, ತಪ್ಪು ವಿನ್ಯಾಸವನ್ನು ತಿದ್ದುವ ಸ್ವಾತಂತ್ರ್ಯ ಬೇಕು. ಯುಎಸ್‌ಬಿ ಭಾಗವನ್ನು ಕನಿಷ್ಠ ಮೂರು ಸಲ ಪುನರ್ರಚಿಸಿದ್ದನ್ನು ಅವರು ಉದಾಹರಣೆಯಾಗಿ ಕೊಡುತ್ತಾರೆ. ಚಾಲಕವನ್ನು ಮುಖ್ಯ ಕರ್ನೆಲ್‌ಗೇ ಸೇರಿಸಿ. ಆಗ ಇಂಟರ್‌ಫೇಸ್ ಬದಲಿಸಿದವರೇ ನಿಮ್ಮ ಚಾಲಕವನ್ನೂ ತಿದ್ದುತ್ತಾರೆ ಎಂಬುದು ಅವರ ಸಲಹೆ.

ಎಂಜಿನಿಯರಿಂಗ್ ದೃಷ್ಟಿಯಿಂದ ಈ ವಾದದಲ್ಲಿ ದೋಷ ಹುಡುಕುವುದು ಕಷ್ಟ. ಇಂಟೆಲ್‌ನ ಗ್ರಾಫಿಕ್ಸ್ ಚಾಲಕಗಳು ಕರ್ನೆಲ್‌ನಲ್ಲೇ ಇವೆ. ಎಎಂಡಿ 2007ರಿಂದ ತನ್ನ ಕಾರ್ಡುಗಳ ತಾಂತ್ರಿಕ ವಿವರಗಳನ್ನು ಬಿಡುಗಡೆ ಮಾಡತೊಡಗಿತು. ಇಂಥ ಕಾರ್ಡುಳ್ಳವರಿಗೆ ಕರ್ನೆಲ್ ಬದಲಾದಾಗ ಪ್ರತ್ಯೇಕವಾಗಿ ಮಾಡ್ಯೂಲ್ ಕಟ್ಟುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ.

ಕೊರತೆ ಇರುವುದು ಬೇರೆ ಕಡೆ. ಈ ಸಲಹೆ ಚಾಲಕ ಬರೆಯುವವರಿಗೆ, ಕಾರ್ಡು ಕೊಂಡವರಿಗಲ್ಲ. ತಯಾರಕರು ಸಲಹೆಯನ್ನು ಕೇಳದಿದ್ದರೆ ದಂಡ ತೆರುವವರು ಬಳಕೆದಾರರು. ಎನ್‌ವಿಡಿಯಾ ತನ್ನ ಕರ್ನೆಲ್ ಮಾಡ್ಯೂಲ್‌ಗಳ ಮೂಲ ಸಂಕೇತವನ್ನು ಮುಕ್ತವಾಗಿ ಬಿಡುಗಡೆ ಮಾಡಿದ್ದು 2022ರ ಮೇ ತಿಂಗಳಲ್ಲಿ. ಅದೂ 2018ರಲ್ಲಿ ಬಂದ ಟ್ಯೂರಿಂಗ್ ಮತ್ತು ನಂತರದ ಪೀಳಿಗೆಗಳಿಗೆ ಮಾತ್ರ. ಹಳೆಯ ಜಿಫೋರ್ಸ್ 8 ಮತ್ತು 9 ಸರಣಿಗಳಿಗೆ ಬೇಕಾದ 340 ಚಾಲಕ ಶಾಖೆಗೆ ಬೆಂಬಲ 2019ರ ಕೊನೆಗೆ ನಿಂತಿತು. ಅಲ್ಲಿಂದ ಮುಂದಿನ ಕರ್ನೆಲ್‌ಗಳಿಗೆ ಕಂಪನಿಯ ತಿದ್ದುಪಡಿ ಇಲ್ಲ. ಕಾರ್ಡಿನ ವರ್ತನೆಯನ್ನು ಪರೀಕ್ಷಿಸಿ ಸ್ವಯಂಸೇವಕರು ಬರೆದ ನೂವೋ ಚಾಲಕ 2010ರಿಂದ ಮುಖ್ಯ ಕರ್ನೆಲ್‌ನಲ್ಲಿದೆ. ಅದು ದೊಡ್ಡ ಉಪಕಾರವೇ. ಆದರೆ ಎಲ್ಲ ಕಾರ್ಡುಗಳಲ್ಲೂ ಪೂರ್ಣ ವೇಗ ಸಿಗುವುದಿಲ್ಲ. ಕೊಂಡ ಯಂತ್ರಾಂಶವನ್ನು ಹತ್ತಾರು ವರ್ಷ ದುಡಿಸಿಕೊಳ್ಳುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ಊರುಗಳ ಕಾಲೇಜುಗಳಿಗೆ ಇದು ಸಣ್ಣ ಮಾತಲ್ಲ. ಈ ಬಳಕೆದಾರರ ಬಗ್ಗೆ ಆ ಬರಹ ಮೌನವಾಗಿದೆ.

ಇಷ್ಟು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಆ ಪ್ರಾಜೆಕ್ಟ್ ದತ್ತಾಂಶ ಅಳಿಸಿದ್ದು ಕರ್ನೆಲ್ ನೀತಿಯಲ್ಲ, ನಮ್ಮ ಅವಸರ. ತೋಟದಲ್ಲಿ ಪಂಪ್‌ಸೆಟ್ ನಿಂತರೆ ನಮ್ಮ ರೈತರು ಮೊದಲು ಕರೆಂಟು ಮೂರು ಫೇಸೂ ಬಂದಿದೆಯೇ ನೋಡುತ್ತಾರೆ; ಆಮೇಲೆ ಫ್ಯೂಸು, ಸ್ಟಾರ್ಟರು; ಕೊನೆಗೆ ಮೋಟಾರು ಮೇಲೆತ್ತುತ್ತಾರೆ. ಪಂಪು ನಿಂತಿತೆಂದು ಹೊಸ ಬೋರ್‌ವೆಲ್ ಕೊರೆಸುವವರಿಲ್ಲ. ಗಣಕದ ವಿಷಯದಲ್ಲಿ ನಾವು ಕೊರೆಸುತ್ತಿದ್ದೇವೆ.

ಇಲ್ಲಿಯೂ ಕ್ರಮವೊಂದಿದೆ. ಹಳೆಯ ಕರ್ನೆಲ್‌ನಲ್ಲಿ ಪರದೆ ಬರುತ್ತದೆಯೇ ಎಂಬುದು ಮೊದಲ ಪರೀಕ್ಷೆ. ‘ಎಲ್‌ಎಸ್‌ಪಿಸಿಐ -ಕೆ’ ಆದೇಶ ಕಾರ್ಡನ್ನು ಯಾವ ಚಾಲಕ ನಡೆಸುತ್ತಿದೆ ಎಂದು ತೋರಿಸುತ್ತದೆ; ನೂವೋ ಮತ್ತು ತಯಾರಕರ ಚಾಲಕ ಒಂದೇ ಕಾರ್ಡಿಗೆ ಪೈಪೋಟಿ ನಡೆಸಿದ್ದರೆ ಸುಳಿವು ಅಲ್ಲೇ ಸಿಗಬಹುದು. ‘ಡಿಕೆಎಂಎಸ್ ಸ್ಟೇಟಸ್’ ಯಾವ ಕರ್ನೆಲ್‌ಗೆ ಮಾಡ್ಯೂಲ್ ಸಿದ್ಧವಾಗಿದೆ ಎಂದು ಹೇಳುತ್ತದೆ. ಮಾಡ್ಯೂಲ್ ಇದ್ದೂ ಕರ್ನೆಲ್ ಅದನ್ನು ತಿರಸ್ಕರಿಸಿದ್ದರೆ, ಸೆಕ್ಯೂರ್ ಬೂಟ್ ಸಹಿಯ ಕೊರತೆಯಂಥ ಕಾರಣ ಕರ್ನೆಲ್ ಸಂದೇಶಗಳಲ್ಲಿ ದಾಖಲಾಗಿರುತ್ತದೆ. ಎಕ್ಸ್ ಸರ್ವರ್ ಬಳಸುವ ವ್ಯವಸ್ಥೆಯಲ್ಲಿ ಅದರ ಲಾಗ್ ಕಡತದ ದೋಷದ ಸಾಲುಗಳನ್ನೂ ಓದಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಭೌತವಿಜ್ಞಾನದ ಪ್ರಯೋಗದಲ್ಲಿ ನಾವು ಕಲಿಸುವುದೂ ಇದನ್ನೇ ಅಲ್ಲವೇ?

ಗಣಕ ಖರೀದಿಯ ಸಮಿತಿಯಲ್ಲಿ ಕೂರುವ ಅಧ್ಯಾಪಕರು ಬೆಲೆ, ಮೆಮೊರಿ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲಿ: ಈ ಕಾರ್ಡಿನ ಚಾಲಕ ಮುಖ್ಯ ಕರ್ನೆಲ್‌ನಲ್ಲಿದೆಯೇ? ಕ್ರೋ-ಹಾರ್ಟ್‌ಮನ್ ಬರಹ ಬಳಕೆದಾರರಿಗೆ ನೇರವಾಗಿ ಹೇಳದೆ ಬಿಟ್ಟ ಪಾಠ ಇದು. ಮುಚ್ಚಿದ ಚಾಲಕಗಳ ತಯಾರಕರಿಗೂ ಕೊಳ್ಳುವವರ ಈ ಪ್ರಶ್ನೆ ಯಾವ ವಾದಕ್ಕಿಂತ ಬೇಗ ಅರ್ಥವಾಗುತ್ತದೆ.