ಲ್ಯಾಟಿನ್ ಪಠ್ಯಪುಸ್ತಕಗಳೂ ಕನ್ನಡದ ವಿಭಕ್ತಿಯೂ

ಗುರುಮಠಗಳ ಪಠ್ಯಕ್ರಮದ ಚರ್ಚೆ ಬಂದಾಗಲೆಲ್ಲ 1983ರ ಧರ್ಮಸಭಾ ಕಾನೂನು ಸಂಹಿತೆಯ 249ನೆಯ ವಿಧಿಯನ್ನು ಉಲ್ಲೇಖಿಸುವುದು ವಾಡಿಕೆ. ಗುರುವಿದ್ಯಾರ್ಥಿಗಳು ಲ್ಯಾಟಿನ್ ಭಾಷೆಯನ್ನು ಚೆನ್ನಾಗಿ ಅರಿತಿರಬೇಕೆಂದು ಆ ವಿಧಿ ಹೇಳುತ್ತದೆ. ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಮಾತೊಂದು ಅದೇ ವಾಕ್ಯದಲ್ಲಿ, ಲ್ಯಾಟಿನ್ನಿಗಿಂತ ಮೊದಲೇ ಇದೆ: ಅವರಿಗೆ ತಾಯ್ನುಡಿಯನ್ನು ನಿಷ್ಕೃಷ್ಟವಾಗಿ ಕಲಿಸಬೇಕು. ತಾಯ್ನುಡಿ ಮೊದಲು, ಲ್ಯಾಟಿನ್ ಅನಂತರ, ಇತರ ಭಾಷೆಗಳು ಆಮೇಲೆ. ಈ ಕ್ರಮ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ನಮ್ಮ ಕರಾವಳಿಯ ಗುರುವಿದ್ಯಾರ್ಥಿಯ ಕೈಗೆ ಬರುವ ಲ್ಯಾಟಿನ್ ಪಠ್ಯಪುಸ್ತಕಗಳನ್ನು ಈ ಕ್ರಮವನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಪರೀಕ್ಷಿಸುವುದು ಯುಕ್ತ.

ಲ್ಯಾಟಿನ್ ಈ ಊರಿಗೆ ಅಪರಿಚಿತವಲ್ಲ. 1878ರ ದಶಂಬರ 31ರಂದು ಯೇಸುಸಭೆಯವರು ಮಂಗಳೂರಿಗೆ ಬಂದರು. ಮರುವರ್ಷವೇ ಸಂತ ಜೋಸೆಫರ ಗುರುಮಠ, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1882ರಲ್ಲಿ ಕೊಡಿಯಾಲಬೈಲಿನ ಮುದ್ರಣಾಲಯ ಕಣ್ದೆರೆದವು. ಆ ಕಾಲದಲ್ಲಿ ದೈವಶಾಸ್ತ್ರವೆಂದರೆ ಲ್ಯಾಟಿನ್ ಕೈಪಿಡಿಗಳ ಮೂಲಕ ಕಲಿಯುವ ಶಾಸ್ತ್ರ. ಆದರೆ ಭಾಷಾವ್ಯಾಕರಣದ ವಿಷಯದಲ್ಲಿ ಇಲ್ಲಿ ನಡೆದ ದುಡಿಮೆಯ ದಿಕ್ಕನ್ನು ಗಮನಿಸಬೇಕು. ಫಾದರ್ ಆಂಜೆಲೊ ಮಾಫೆಯಿ 1882ರಲ್ಲಿ ಪ್ರಕಟಿಸಿದ್ದು ಇಂಗ್ಲಿಷಿನಲ್ಲಿ ಬರೆದ ಕೊಂಕಣಿ ವ್ಯಾಕರಣ, ಅದನ್ನು ಅಚ್ಚು ಹಾಕಿದ್ದು ಬಾಸೆಲ್ ಮಿಷನ್ ಮುದ್ರಣಾಲಯ (ಇಂದಿನ ಸಭೈಕ್ಯ ಸಂವಾದಕ್ಕಿಂತ ಎಷ್ಟು ಮೊದಲು!). ಅದಕ್ಕೂ ಹಿಂದೆ, 1640ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸರ ಕೊಂಕಣಿ ವ್ಯಾಕರಣ ಪೋರ್ಚುಗೀಸಿನಲ್ಲಿದ್ದರೂ ಅದರ ಎಲುಬು ಲ್ಯಾಟಿನ್ ವ್ಯಾಕರಣದ್ದು. ಘಟ್ಟದ ಮೇಲೆ, ಬಿಷಪ್ ಶಾರ್ಬೊನೊ ಅವರು ಮೈಸೂರಿನ ವಿಕಾರ್ ಅಪೋಸ್ತಲಿಕರಾಗಿದ್ದಾಗ, 1861ರಲ್ಲಿ ಬೆಂಗಳೂರಿನಿಂದ ಲ್ಯಾಟಿನ್-ಕನ್ನಡ ನಿಘಂಟೊಂದು ಹೊರಬಂತು. ಇವೆಲ್ಲವೂ ಹೊರಗಿನಿಂದ ಬಂದ ಮಿಷನರಿಗೆ ನಮ್ಮ ನುಡಿಗಳನ್ನು ಕಲಿಸಲು ಹುಟ್ಟಿದ ಪುಸ್ತಕಗಳು. ಅವರು ಲ್ಯಾಟಿನ್ನಿನ ಕಿಟಕಿಯಿಂದ ನಮ್ಮ ಅಂಗಳವನ್ನು ನೋಡಿದರು, ಶ್ರದ್ಧೆಯಿಂದಲೇ ನೋಡಿದರು. ನಮ್ಮ ಅಂಗಳದಲ್ಲಿ ನಿಂತು ಲ್ಯಾಟಿನ್ನಿನತ್ತ ನೋಡುವ ಹುಡುಗನಿಗೆ ಮಾತ್ರ ಕೊಟ್ಟದ್ದು ಇಂಗ್ಲಿಷ್ ಪುಸ್ತಕಗಳನ್ನು.

ಯೇಸುಸಭೆಯ ಶಾಲೆಗಳ ಮೂಲ ಪಠ್ಯ ಇಮ್ಯಾನುಯೆಲ್ ಆಲ್ವಾರಿಸ್ ಬರೆದ, 1572ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟವಾದ ಮೂರು ಭಾಗಗಳ ವ್ಯಾಕರಣ. 1599ರ ಶಿಕ್ಷಣಕ್ರಮದ ದಾಖಲೆ ಇದನ್ನೇ ಅನುಮೋದಿಸಿತು. ರೂಪಾವಳಿ, ವಾಕ್ಯರಚನೆ, ಛಂದಸ್ಸು ಎಂಬ ಅದರ ವಿಂಗಡಣೆ ನಮ್ಮ ಸಾಂಪ್ರದಾಯಿಕ ಪಂಡಿತರಿಗೆ ಹಿಡಿಸುವಂಥದು. ನಿಯಮಗಳನ್ನು ಪದ್ಯರೂಪದಲ್ಲಿ ಬಾಯಿಪಾಠ ಮಾಡಿಸುವ ಪದ್ಧತಿಯೂ ಹಾಗೆಯೇ. ಲ್ಯಾಟಿನ್ನನ್ನು ಲ್ಯಾಟಿನ್ನಿನಲ್ಲೇ ವಿವರಿಸುವುದು ಅದರ ದೋಷವೆಂದು ಬಹಳ ಮಂದಿ ದೂರಿದ್ದಾರೆ. ಆದರೆ ಆಲ್ವಾರಿಸರ ಪುಸ್ತಕದ ಚರಿತ್ರೆಯಲ್ಲಿ ಒಂದು ಘಟನೆ ಆ ದೂರನ್ನು ಮೃದುಗೊಳಿಸುತ್ತದೆ. 1594ರಲ್ಲಿ ಜಪಾನಿನ ಅಮಾಕುಸಾ ಎಂಬಲ್ಲಿ ಅದೇ ಪುಸ್ತಕವನ್ನು ಅಚ್ಚು ಹಾಕಿದಾಗ ಲ್ಯಾಟಿನ್ ಕ್ರಿಯಾಪದಗಳ ಪಕ್ಕದಲ್ಲಿ ಜಪಾನಿ ಭಾಷೆಯ ರೂಪಗಳನ್ನು ಸೇರಿಸಿದರು. ಏಷ್ಯಾದ ವಿದ್ಯಾರ್ಥಿಗೆ ಅವನ ನುಡಿಯಲ್ಲೇ ಲ್ಯಾಟಿನ್ನಿನ ಬಾಗಿಲು ತೆರೆಯಬಹುದೆಂಬ ವಿವೇಕ ನಾಲ್ಕು ಶತಮಾನಗಳ ಹಿಂದೆಯೇ ಇತ್ತು.

ಇಂಗ್ಲಿಷರ ಆಳ್ವಿಕೆಯ ಲೋಕದಲ್ಲಿ ಆ ಸ್ಥಾನಕ್ಕೆ ಬಂದದ್ದು ಬೆಂಜಮಿನ್ ಕೆನೆಡಿಯವರ ಪ್ರೈಮರ್. 1866ರಲ್ಲಿ ಮೊದಲ ರೂಪ, 1888ರಲ್ಲಿ ಪರಿಷ್ಕೃತ ರೂಪ. ಕೋಷ್ಟಕಗಳ ಅಚ್ಚುಕಟ್ಟಿನಲ್ಲಿ ಅದನ್ನು ಮೀರಿಸಿದ ಪುಸ್ತಕ ವಿರಳ. ಕೆನೆಡಿ ಪ್ರಾಚೀನ ಕ್ರಮವನ್ನು ಬಿಟ್ಟು ಕರ್ತೃವಿಭಕ್ತಿ ಮತ್ತು ಸಂಬೋಧನೆಯ ಬೆನ್ನಿಗೇ ಕರ್ಮವಿಭಕ್ತಿಯನ್ನು ಇಟ್ಟರು. ಇಂಗ್ಲಿಷ್ ಶಾಲೆಗಳಿಗೆ ಅದು ದೊಡ್ಡ ಬದಲಾವಣೆ. ಪ್ರಥಮಾ, ದ್ವಿತೀಯಾ ಎಂದು ಹೇಳಿಕೊಂಡೇ ಬೆಳೆದ ನಮಗೆ ಅದರಲ್ಲಿ ಹೊಸತೇನಿದೆ? ಆದರೆ ಅದೇ ಪುಸ್ತಕ ನಾಮಪದಗಳ ಲಿಂಗವನ್ನು ನೆನಪಿಡಲು ಇಂಗ್ಲಿಷ್ ಪ್ರಾಸಪದ್ಯಗಳನ್ನು ಕೊಡುತ್ತದೆ. ಬೆಳ್ತಂಗಡಿಯ ಹುಡುಗನೊಬ್ಬ ಲ್ಯಾಟಿನ್ ಲಿಂಗವನ್ನು ತಿಳಿಯಲು ಇಂಗ್ಲಿಷ್ ಪ್ರಾಸವನ್ನು ಉರುಹೊಡೆಯುವುದು, ಎಡಗೈಯಿಂದ ಬಲಕಿವಿ ಹಿಡಿದಂತೆ.

ಧರ್ಮಸಭೆಯ ಅಗತ್ಯಕ್ಕೆಂದೇ ಬರೆದ ಪುಸ್ತಕಗಳು ಬೇರೆ. ಅಮೆರಿಕದಲ್ಲಿ 1944ರಲ್ಲಿ ಬಂದ ಸ್ಕ್ಯಾನ್ಲನ್ನರ ವ್ಯಾಕರಣ ಪೂಜಾಗ್ರಂಥ ಮತ್ತು ಯಾಮಪ್ರಾರ್ಥನೆಗಳನ್ನು ಓದಲು ಸಿದ್ಧಗೊಳಿಸುವ ಪುಸ್ತಕ. ಸೀಸರನ ಯುದ್ಧಗಳನ್ನು ದಾಟಿಯೇ ಕೀರ್ತನೆಗಳಿಗೆ ಬರಬೇಕೆಂಬ ಹಳೆಯ ಹಟವನ್ನು ಅದು ಬಿಟ್ಟುಕೊಟ್ಟಿತು. ಅದು ಅದರ ಪುಣ್ಯ. 1985ರ ಜಾನ್ ಕಾಲಿನ್ಸರ ಪ್ರವೇಶಿಕೆ, ಮೂವತ್ತೈದು ಪಾಠಗಳಲ್ಲಿ, ಅದಕ್ಕಿಂತ ಶಾಸ್ತ್ರೀಯ. ಇಂದು ಬಹುತೇಕ ಕಡೆ ಬಳಕೆಯಲ್ಲಿರುವುದು ಇದೇ. ಇವೆರಡನ್ನೂ ನಾನು ಗೌರವಿಸುತ್ತೇನೆ, ಕಾಲಿನ್ಸರನ್ನು ತರಗತಿಯಲ್ಲಿ ಬಳಸಿದ್ದೇನೆ. ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ 1955ರಲ್ಲಿ ಆರಂಭಿಸಿದ, ಇಡೀ ಪುಸ್ತಕವೇ ಲ್ಯಾಟಿನ್ನಿನಲ್ಲಿರುವ ಕ್ರಮ ಇನ್ನೂ ಹೆಚ್ಚು ಆಕರ್ಷಕ. ರೋಮನ್ ಕುಟುಂಬವೊಂದರ ಕಥೆಯನ್ನು ಹಿಂಬಾಲಿಸುತ್ತಾ ವಿದ್ಯಾರ್ಥಿ ತನಗರಿವಿಲ್ಲದೆ ಓದತೊಡಗುತ್ತಾನೆ. ಆದರೆ ಅದಕ್ಕೆ ದಿನವೂ ಒಂದು ಗಂಟೆ ಬೇಕು. ವಾರಕ್ಕೆರಡು ಅವಧಿ ಸಿಗುವ ಗುರುಮಠದಲ್ಲಿ ಆ ಕುಟುಂಬದ ಮಕ್ಕಳು ದೊಡ್ಡವರಾಗುವ ಮೊದಲೇ ವರ್ಷ ಮುಗಿದಿರುತ್ತದೆ.

ಕೆನೆಡಿ, ಸ್ಕ್ಯಾನ್ಲನ್, ಕಾಲಿನ್ಸ್ ಮೂವರೂ ವಿಭಕ್ತಿಪ್ರತ್ಯಯಗಳು ಬಹುಮಟ್ಟಿಗೆ ಸವೆದುಹೋದ ಭಾಷೆಯವರಿಗೆ ವಿಭಕ್ತಿಯೆಂದರೇನೆಂದು ವಿವರಿಸುತ್ತಾರೆ. ಅದು ಅವರ ಓದುಗರಿಗೆ ಅಗತ್ಯ. ನಮ್ಮ ವಿದ್ಯಾರ್ಥಿಗೆ ಅದು ಇಲ್ಲದ ಕಷ್ಟವನ್ನು ಹುಟ್ಟಿಸಿ ಪರಿಹರಿಸಿದಂತೆ. ಲ್ಯಾಟಿನ್ನಿನ ಆರನೆಯ ವಿಭಕ್ತಿಯಾದ ಅಬ್ಲೇಟಿವನ್ನೇ ನೋಡೋಣ. ಇಂಗ್ಲಿಷ್ ಪುಸ್ತಕದಲ್ಲಿ ಅದು ಮೂರು ನಾಲ್ಕು ಉಪಸರ್ಗಗಳ ಪಟ್ಟಿಯಾಗಿ, ಸಾಧನ, ಅಗಲಿಕೆ, ಸ್ಥಳ, ಕಾಲ ಎಂಬ ಬಿಡಿ ಬಿಡಿ ಶೀರ್ಷಿಕೆಗಳಾಗಿ ಹರಡಿಕೊಂಡಿರುತ್ತದೆ. ಸಂಸ್ಕೃತ ಬಲ್ಲವನಿಗೆ ಅದು ತೃತೀಯಾ, ಪಂಚಮೀ, ಸಪ್ತಮಿಗಳು ಒಂದೇ ರೂಪದಲ್ಲಿ ಕೂಡಿದ್ದು. ಕನ್ನಡ ಬಲ್ಲವನಿಗೆ ಇನ್ನೂ ಹತ್ತಿರ. ನಮ್ಮ ವ್ಯಾಕರಣಗಳು ಪಂಚಮಿಗೆಂದು ‘ದೆಸೆಯಿಂದ’ ಎಂದು ಕಲಿಸಿದರೂ ಜನರ ಬಾಯಲ್ಲಿ ಇರುವುದು ‘ಇಂದ’ ಒಂದೇ: ಕತ್ತಿಯಿಂದ ಕಡಿದನು, ಊರಿನಿಂದ ಬಂದನು. ಸಾಧನವೂ ಅಗಲಿಕೆಯೂ ಕನ್ನಡದಲ್ಲಿ ಆಗಲೇ ಒಂದಾಗಿವೆ. ಲ್ಯಾಟಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಅಲ್ಲಿ’ಯನ್ನೂ ಅದಕ್ಕೇ ಸೇರಿಸಿತು. ‘ಗ್ಲಾದಿಯೊ’ ಎಂದರೆ ಕತ್ತಿಯಿಂದ, ‘ರೋಮಾ’ ಎಂದರೆ ರೋಮಿನಿಂದ, ‘ಇಲ್ಲೊ ತೆಂಪೊರೆ’ ಎಂದರೆ ಆ ಕಾಲದಲ್ಲಿ. ಒಂದು ಪಾಠದಲ್ಲಿ ಮುಗಿಯುವ ವಿಷಯ.

ಚತುರ್ಥಿಯ ಸಂಗತಿ ಇದಕ್ಕಿಂತ ಸೊಗಸು. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂದು ನಾವು ಹೇಳುವಂತೆಯೇ ಲ್ಯಾಟಿನ್ನಿನವನೂ ‘ಮಿಹಿ’ ಎಂಬ ಚತುರ್ಥೀ ರೂಪವನ್ನಿಟ್ಟು ‘ಇದ್ದಾರೆ’ ಎನ್ನುತ್ತಾನೆ. ಕೊಂಕಣಿಯ ‘ಮ್ಹಾಕಾ’, ತುಳುವಿನ ‘ಎಂಕ್’ ಮಾಡುವ ಕೆಲಸವೂ ಇದೇ. ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಒಡೆತನದ ಚತುರ್ಥಿ ಎಂಬ ವಿಶೇಷ ಪ್ರಯೋಗ, ಪ್ರತ್ಯೇಕ ಹೆಸರಿಟ್ಟು ವಿವರಿಸಬೇಕಾದ ವಿಲಕ್ಷಣತೆ. ಮಂಗಳೂರಿನ ಯಾವ ಮನೆಯಲ್ಲಿ ಅದು ವಿಲಕ್ಷಣ?

ಇದೆಲ್ಲ ಸುಲಭ ದುರ್ಲಭಗಳ ಲೆಕ್ಕವಷ್ಟೇ ಆಗಿದ್ದರೆ ದೈವಶಾಸ್ತ್ರದ ಪತ್ರಿಕೆಯಲ್ಲಿ ಬರೆಯಬೇಕಿರಲಿಲ್ಲ. ವಿಶ್ವಾಸಪ್ರಮಾಣವನ್ನು ತೆಗೆದುಕೊಳ್ಳೋಣ. ಲ್ಯಾಟಿನ್ನಿನಲ್ಲಿ ‘ಇನ್’ ಎಂಬ ಉಪಸರ್ಗ ಸಪ್ತಮಿಯ ಅರ್ಥದ ಅಬ್ಲೇಟಿವ್ ಜೊತೆ ಬಂದರೆ ಇರುವ ಸ್ಥಳ, ದ್ವಿತೀಯೆಯ ಜೊತೆ ಬಂದರೆ ಹೋಗುವ ದಿಕ್ಕು: ‘ಇಗರ್ಜಿಯಲ್ಲಿ’ ಮತ್ತು ‘ಇಗರ್ಜಿಯೊಳಕ್ಕೆ’. ದೇವರನ್ನು ಕುರಿತು ನಾವು ಅರಿಕೆ ಮಾಡುವ ವಿಶ್ವಾಸ ಎರಡನೆಯ ಬಗೆಯದು. ಸಂತ ಅಗಸ್ಟೀನರಿಂದ ಬಂದು, ಸಂತ ಥಾಮಸ್ ಅಕ್ವಿನಾಸರು ಸುಮ್ಮಾದ ಎರಡನೆಯ ಭಾಗದ ಉತ್ತರಾರ್ಧದಲ್ಲಿ ವಿವೇಚಿಸಿದ ಮೂರು ವಿಶ್ವಾಸಗಳ ಭೇದ ನಿಂತಿರುವುದೇ ವಿಭಕ್ತಿಗಳ ಮೇಲೆ: ಚತುರ್ಥಿಯಲ್ಲಿ ದೇವರ ಮಾತಿಗೆ ಒಪ್ಪುವುದು, ಬರಿಯ ದ್ವಿತೀಯೆಯಲ್ಲಿ ದೇವರ ಕುರಿತಾದ ಸತ್ಯವನ್ನು ಒಪ್ಪುವುದು, ‘ಇನ್’ ಸಹಿತವಾದ ದ್ವಿತೀಯೆಯಲ್ಲಿ ದೇವರತ್ತ ಪ್ರೀತಿಯಿಂದ ಸಾಗುವುದು. ಪ್ರೇಷಿತರ ವಿಶ್ವಾಸಪ್ರಮಾಣದ ಲ್ಯಾಟಿನ್ ಪಾಠ ಪವಿತ್ರಾತ್ಮರಿಗೆ ಈ ‘ಇನ್’ ಕೊಟ್ಟು, ಧರ್ಮಸಭೆಗೆ ಕೊಡದೆ ಬರಿಯ ದ್ವಿತೀಯೆಯನ್ನಷ್ಟೇ ಕೊಡುತ್ತದೆ. ದೇವರನ್ನೂ ದೇವರ ಕೃತಿಯನ್ನೂ ಬೆರೆಸದಿರಲೆಂದೇ ಈ ವ್ಯತ್ಯಾಸವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ತನ್ನ 750ನೆಯ ಪರಿಚ್ಛೇದದಲ್ಲಿ ವಿವರಿಸುತ್ತದೆ.

ಇಂಗ್ಲಿಷ್ ಅನುವಾದದಲ್ಲಿ ಒಂದೇ ಉಪಸರ್ಗ ಮುಂದೆ ಬಂದು, ಅಲ್ಪವಿರಾಮಗಳನ್ನು ದಾಟುತ್ತಾ, ಪವಿತ್ರಾತ್ಮ, ಧರ್ಮಸಭೆ, ಸಂತರ ಅನ್ಯೋನ್ಯತೆ ಎಲ್ಲದಕ್ಕೂ ನೆರಳು ಹಾಸುತ್ತದೆ. ಓದುಗ ಬೇಕಾದಂತೆ ತಿಳಿದುಕೊಳ್ಳಬಹುದು. ಕನ್ನಡದಲ್ಲಿ ಆ ಮಬ್ಬಿನ ಆಶ್ರಯವಿಲ್ಲ. ಪ್ರತಿಯೊಂದು ನಾಮಪದವೂ ತನ್ನ ಪ್ರತ್ಯಯವನ್ನು ಮೈಮೇಲೆ ಹೊತ್ತೇ ಬರಬೇಕು, ಅನುವಾದಕ ಆಯ್ಕೆ ಮಾಡಲೇಬೇಕು. ಹಾಗೆಂದು ದ್ವಿತೀಯೆಗೆ ದ್ವಿತೀಯೆಯನ್ನೇ ಇಟ್ಟರಾಯಿತೆನ್ನುವುದೂ ತಪ್ಪು. ಕನ್ನಡದ ಭಕ್ತಿಪರಂಪರೆಯಲ್ಲಿ ‘ದೇವರನ್ನು ನಂಬಿದೆ’ ಎಂದರೆ ತನ್ನನ್ನೇ ಒಪ್ಪಿಸಿಕೊಂಡೆ ಎಂಬ ಅರ್ಥ. ‘ದೇವರಲ್ಲಿ ವಿಶ್ವಾಸವಿದೆ’ ಎನ್ನುವುದು ಅದಕ್ಕಿಂತ ತಣ್ಣಗಿನ ಮಾತು. ಲ್ಯಾಟಿನ್ನಿನಲ್ಲಿ ದುರ್ಬಲವಾದ ರೂಪ ಕನ್ನಡದಲ್ಲಿ ಬಲಿಷ್ಠ. ಇದನ್ನು ಕಾಣಬೇಕಾದರೆ ಎರಡು ನುಡಿಗಳ ವಿಭಕ್ತಿಯನ್ನೂ ಎದುರುಬದುರು ಕೂರಿಸಬೇಕು. ನಡುವೆ ಇಂಗ್ಲಿಷ್ ನಿಂತರೆ ಪ್ರಶ್ನೆಯೇ ಹುಟ್ಟುವುದಿಲ್ಲ. ಪೂಜಾವಿಧಿಯ ಕನ್ನಡ ಪಾಠಗಳನ್ನು ಮುಂದೆ ಪರಿಷ್ಕರಿಸಬೇಕಾದವರು ಇಂದು ನಮ್ಮ ಬೆಂಚುಗಳಲ್ಲಿ ಕುಳಿತಿರುವವರೇ.

ನಮ್ಮ ನುಡಿಗಳು ಕೈಕೊಡುವ ಸ್ಥಳಗಳೂ ಇವೆ. ಅಲ್ಲಿ ಇಂಗ್ಲಿಷ್ ಪುಸ್ತಕಗಳು ಅವಸರದಲ್ಲಿ ದಾಟಿಹೋಗುತ್ತವೆ. ಸಂಬಂಧಾರ್ಥಕ ಸರ್ವನಾಮ ಅಂಥದು. ‘ಬಂದ ಮನುಷ್ಯ’ ಎಂದು ಕೃದಂತದಿಂದ ಕೆಲಸ ಮುಗಿಸುವ ಕನ್ನಡಿಗನಿಗೆ ‘ಕ್ವೀ, ಕ್ವೇ, ಕ್ವೊದ್’ ಎಂದು ಹಿಂದಿನಿಂದ ಬಂದು ಸೇರುವ ಉಪವಾಕ್ಯ ನಿಜವಾದ ತೊಡಕು. ಸಂತ ಪೌಲರ ಪತ್ರಗಳ ನೀಳ ವಾಕ್ಯಗಳಲ್ಲಿ ಅವನು ದಾರಿ ತಪ್ಪುವುದು ಇಲ್ಲೇ. ಲಿಂಗವೂ ಹಾಗೆ: ಅರ್ಥವನ್ನು ನೋಡಿ ಲಿಂಗ ನಿರ್ಣಯಿಸುವ ಕನ್ನಡ, ತುಳು ಮಾತಾಡುವವನಿಗೆ ಮೇಜು ಸ್ತ್ರೀಲಿಂಗವೆಂದರೆ ನಗು ಬರುತ್ತದೆ. ಅದೇ ಬೆಂಚಿನ ಕೊಂಕಣಿ ಹುಡುಗ ನಗುವುದಿಲ್ಲ. ಅವನ ಮನೆಮಾತಿನಲ್ಲಿ ರೂಕ್ ಪುಲ್ಲಿಂಗ, ವಾಟ್ ಸ್ತ್ರೀಲಿಂಗ, ಘರ್ ನಪುಂಸಕ. ‘ಬೋನುಸ್, ಬೋನಾ, ಬೋನುಮ್’ ಎಂದರೆ ಅವನಿಗೆ ‘ಬರೊ, ಬರಿ, ಬರೆಂ’. ಸಂಬಂಧಾರ್ಥಕಕ್ಕೆ ‘ಜೊ, ಜಿ, ಜೆಂ’ ಇದೆ. ಇಗರ್ಜ್, ಮೀಸ್ ಎಂಬ ಪದಗಳು ಪೋರ್ಚುಗೀಸಿನ ದೋಣಿಯೇರಿ ಬಂದ ಲ್ಯಾಟಿನ್ ಎಂಬುದು ಬೇರೆ ಮಾತು. ಒಂದೇ ತರಗತಿಯಲ್ಲಿ ಇಬ್ಬರು ಪರಸ್ಪರ ಗುರುಗಳಾಗಬಲ್ಲರು: ವಿಭಕ್ತಿಗೆ ಕನ್ನಡದವನು, ಲಿಂಗಕ್ಕೆ ಕೊಂಕಣಿಯವನು. ಇಂಗ್ಲಿಷ್ ಪ್ರೈಮರ್ ಇಬ್ಬರನ್ನೂ ಸಮಾನವಾಗಿ ಅಜ್ಞಾನಿಗಳನ್ನಾಗಿಸುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ನನಗೆ ಗೊತ್ತಿದೆ, ಸಹೋದ್ಯೋಗಿಗಳು ಅದನ್ನು ಮುಚ್ಚಿಟ್ಟಿಲ್ಲ. ಇಂದು ಗುರುಮಠಕ್ಕೆ ಬರುವ ಯುವಕರಲ್ಲಿ ಅನೇಕರು ಇಂಗ್ಲಿಷ್ ಮಾಧ್ಯಮದವರು. ಚತುರ್ಥಿ ಯಾವುದು, ಸಪ್ತಮಿ ಯಾವುದು ಎಂದರೆ ಕಣ್ಣು ಕಣ್ಣು ಬಿಡುತ್ತಾರೆ. ಅವರಿಗೆ ಕನ್ನಡದ ಮೂಲಕ ಲ್ಯಾಟಿನ್ ಕಲಿಸುವುದು ಎರಡು ಹೊರೆ ಹೊರಿಸಿದಂತಲ್ಲವೇ? ಹೌದು, ಎರಡು ಹೊರೆ. ಆದರೆ 249ನೆಯ ವಿಧಿ ಕೇಳುವುದೂ ಆ ಎರಡನ್ನೇ. 1962ರ ಫೆಬ್ರವರಿಯಲ್ಲಿ ಜಗದ್ಗುರು 23ನೆಯ ಜಾನ್ ಅವರು ಪ್ರಧಾನ ಶಾಸ್ತ್ರಗಳನ್ನು ಲ್ಯಾಟಿನ್ನಿನಲ್ಲೇ ಬೋಧಿಸಬೇಕೆಂದು ಆಜ್ಞಾಪಿಸಿದರು; ಕೆಲವೇ ವರ್ಷಗಳಲ್ಲಿ ಆ ಆಜ್ಞೆ ಕಾಗದದಲ್ಲೇ ಉಳಿಯಿತು. 1965ರ ಮಹಾಸಭೆಯ ಗುರುಶಿಕ್ಷಣದ ಆದೇಶಪತ್ರ ಬೇಡಿಕೆಯನ್ನು ಸರಿಯಾದ ಅಳತೆಗೆ ಇಳಿಸಿತು: ಮೂಲಗ್ರಂಥಗಳನ್ನೂ ಧರ್ಮಸಭೆಯ ದಾಖಲೆಗಳನ್ನೂ ಅರಿತು ಬಳಸುವಷ್ಟು ಲ್ಯಾಟಿನ್. ಮಾತಾಡಲು ಬೇಡ, ಓದಲು ಬೇಕು. ಓದುವುದಕ್ಕೆ ಬೇಕಾದ್ದು ರೂಪವನ್ನು ಗುರುತಿಸುವ ಕಣ್ಣು. ತಾಯ್ನುಡಿಯ ರೂಪಗಳನ್ನು ಒಮ್ಮೆ ಬಿಡಿಸಿ ನೋಡಿದ ಕಣ್ಣಿಗೆ ಆ ಅಭ್ಯಾಸ ಬೇಗ ಬರುತ್ತದೆ.

ಸುಮಾರು ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಏಲ್‌ಫ್ರಿಕ್ ಎಂಬ ಸನ್ಯಾಸಿ ಗುರು ಮಠದ ಹುಡುಗರಿಗಾಗಿ ಪ್ರಿಸ್ಕಿಯನ್ ಪರಂಪರೆಯ ಲ್ಯಾಟಿನ್ ವ್ಯಾಕರಣವನ್ನು ಅಂದಿನ ಇಂಗ್ಲಿಷಿನಲ್ಲಿ ಬರೆದರು. ಆಗ ಇಂಗ್ಲಿಷಿಗೆ ವ್ಯಾಕರಣಶಾಸ್ತ್ರದ ಗೌರವವಿರಲಿಲ್ಲ. ವಿಭಕ್ತಿಗಳ ಹೆಸರುಗಳನ್ನೂ ಅವರೇ ನಾಡಮಾತಿನಲ್ಲಿ ವಿವರಿಸಬೇಕಾಯಿತು. ತಮ್ಮ ಪುಸ್ತಕ ಎರಡೂ ಭಾಷೆಗಳಿಗೆ ಪ್ರವೇಶವಾಗಲಿ ಎಂಬ ಆಶಯವನ್ನು ಅವರು ಮುನ್ನುಡಿಯಲ್ಲೇ ಹೇಳಿಕೊಂಡರು. ನಮ್ಮ ಸ್ಥಿತಿ ಅವರಿಗಿಂತ ಉತ್ತಮ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದಿಟ್ಟ ಭಾಷೆ ನಮ್ಮದು; ಪಾರಿಭಾಷಿಕ ಪದಗಳಿಗೆ ಬರವಿಲ್ಲ. ಇಂಥ ಪುಸ್ತಕದ ಮೊದಲ ಪಾಠದಲ್ಲಿ ಲ್ಯಾಟಿನ್ ಒಂದಕ್ಷರವೂ ಬೇಕಿಲ್ಲ. ‘ಗುರುವು, ಗುರುವನ್ನು, ಗುರುವಿನಿಂದ, ಗುರುವಿಗೆ, ಗುರುವಿನ, ಗುರುವಿನಲ್ಲಿ’ ಎಂದು ಬರೆಸಿ, ಪಕ್ಕದ ಅಂಕಣದಲ್ಲಿ ಕೊಂಕಣಿಯದನ್ನೂ ತುಳುವಿನದನ್ನೂ ಆಯಾ ಮನೆಮಾತಿನವರಿಂದಲೇ ತುಂಬಿಸಬಹುದು. ನಾಲ್ಕನೆಯ ಅಂಕಣವನ್ನು ಖಾಲಿ ಬಿಟ್ಟಿರಬೇಕು. ‘ದೋಮಿನುಸ್’ ಎಂಬ ಪದದ ರೂಪಗಳು ಅಲ್ಲಿಗೆ ಎರಡನೆಯ ಪಾಠದಲ್ಲಿ ಬರಲಿ.