ರಾಯಣ್ಣನ ಸನದು, ವಾಲೇಸನ ಕೂಗು



ಹೋದ ತಿಂಗಳು ನಮ್ಮ ಬಳಗದವರು ಎರಡು ಶುಕ್ರವಾರ ಸೇರಿ ಎರಡು ಸಿನಿಮಾ ನೋಡಿದೆವು. ಮೊದಲ ವಾರ ಮೆಲ್ ಗಿಬ್ಸನ್ ನಿರ್ದೇಶಿಸಿ ನಟಿಸಿದ 'ಬ್ರೇವ್‌ಹಾರ್ಟ್' (1995). ಮರುವಾರ ನಾಗಣ್ಣ ನಿರ್ದೇಶನದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' (2012). ರೂವಿಯ ಗೆಳೆಯರೊಬ್ಬರ ಮನೆಯ ಹಾಲು, ಗೋಡೆಯ ಮೇಲೆ ಪ್ರೊಜೆಕ್ಟರು, ನಡುವೆ ಚಹಾ, ಒಗ್ಗರಣೆ ಅವಲಕ್ಕಿ. ಬರದೇ ಇದ್ದವರು ಏನು ಕಳೆದುಕೊಂಡಿರಿ ಅಂತ ಹೊಟ್ಟೆ ಉರಿಸಲು ಇಷ್ಟು ಹೇಳಿದೆ!

ಎರಡನೆಯ ಚಿತ್ರ ಮುಗಿದ ಮೇಲೆ ಹನ್ನೆರಡನೇ ಕ್ಲಾಸಿನ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. "ಅಂಕಲ್, ವಾಲೇಸ್‌ಗೆ ಸಿಟ್ಟು ಯಾಕೆ ಬಂತು ಅಂತ ಗೊತ್ತಾಯ್ತು. ಅವನ ಹೆಂಡತಿಯನ್ನ ಕೊಂದರು. ರಾಯಣ್ಣನಿಗೆ ಏನು ಮಾಡಿದ್ದರು?" ಯಾರೋ "ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಕಣೋ" ಅಂದರು. ಇನ್ನೊಬ್ಬರು "ಚೆನ್ನಮ್ಮನ ಋಣ" ಅಂದರು. ಹುಡುಗ ತಲೆ ಆಡಿಸಿದ, ಒಪ್ಪಿದ ಹಾಗೆ ಕಾಣಲಿಲ್ಲ. ನನಗೂ ಸಮಾಧಾನವಾಗಲಿಲ್ಲ. ಈ ಬರಹ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಬ್ರೇವ್‌ಹಾರ್ಟ್. ಐದು ಆಸ್ಕರ್ ಪಡೆದ ಚಿತ್ರ. ಇತಿಹಾಸ ಬಲ್ಲವರು ಅದರ ತಪ್ಪುಗಳನ್ನು ಪಟ್ಟಿ ಮಾಡಿ ಸುಸ್ತಾಗಿದ್ದಾರೆ. 1297ರ ಸೆಪ್ಟೆಂಬರ್ 11ರಂದು ನಡೆದ ಸ್ಟರ್ಲಿಂಗ್ ಸೇತುವೆಯ ಕದನವನ್ನು ತೆರೆಯ ಮೇಲೆ ಸೇತುವೆಯೇ ಇಲ್ಲದೆ ತೋರಿಸಿದ್ದಾರೆ! ಆ ಕದನದಲ್ಲಿ ವಾಲೇಸನಿಗೆ ಸಮನಾಗಿ ದಂಡು ನಡೆಸಿದ ಆಂಡ್ರೂ ಮರೇ ಚಿತ್ರದಲ್ಲಿ ಇಲ್ಲವೇ ಇಲ್ಲ. ವಾಲೇಸನಿಗೆ ಮನಸೋಲುವ ಫ್ರೆಂಚ್ ರಾಜಕುಮಾರಿ ಇಸಬೆಲ್ಲಾ ಆಗ ಇನ್ನೂ ಪುಟ್ಟ ಮಗು. ಆಕೆಯ ಮದುವೆಯಾದದ್ದು 1308ರಲ್ಲಿ, ವಾಲೇಸನನ್ನು ಲಂಡನ್ನಿನಲ್ಲಿ ಕೊಂದು ಸುಮಾರು ಎರಡೂವರೆ ವರ್ಷವಾದ ಮೇಲೆ.

ಇವೆಲ್ಲ ಸಣ್ಣ ತಪ್ಪುಗಳು. ಸಿನಿಮಾದವರಿಗೆ ಇಷ್ಟು ಸ್ವಾತಂತ್ರ್ಯ ಕೊಡಬಹುದು. ನನ್ನ ತಕರಾರು ಬೇರೆ. ಆ ಚಿತ್ರ ದಂಗೆಯ ಕಾರಣವನ್ನೇ ಬದಲಿಸಿಬಿಟ್ಟಿದೆ. ಹೆಂಡತಿಯ ಕೊಲೆ, ಅದರಿಂದ ಸೇಡು, ಸೇಡಿನಿಂದ ಯುದ್ಧ, ಕೊನೆಗೆ 'ಫ್ರೀಡಂ' ಎಂಬ ಒಂದು ಕೂಗು. ಈ ಹೆಂಡತಿಯ ಕಥೆ ಬಂದದ್ದು ವಾಲೇಸ್ ಸತ್ತು ಸುಮಾರು 170 ವರ್ಷವಾದ ಮೇಲೆ ಕುರುಡ ಹ್ಯಾರಿ ಎಂಬ ಕವಿ ಕಟ್ಟಿದ ಕಾವ್ಯದಿಂದ. ಆದರೆ ನಿಜವಾಗಿ ನಡೆದದ್ದರಲ್ಲಿ ಒಂದು ಕಾಗದವೂ ಇತ್ತು. 1296ರಲ್ಲಿ ಸ್ಕಾಟ್ಲೆಂಡನ್ನು ಗೆದ್ದ ಮೊದಲನೇ ಎಡ್ವರ್ಡ್, ಅಲ್ಲಿನ ಜಮೀನುದಾರರಿಂದ ನಿಷ್ಠೆಯ ಪ್ರಮಾಣ ಮಾಡಿಸಿ, ಮೊಹರು ಒತ್ತಿಸಿಕೊಂಡ. 'ರ‍್ಯಾಗ್‌ಮನ್ ರೋಲ್' ಎನ್ನುವ ಆ ಸುರುಳಿಗಳಲ್ಲಿ 1,500ಕ್ಕೂ ಹೆಚ್ಚು ಹೆಸರುಗಳಿವೆ. ವಿಲಿಯಂ ವಾಲೇಸನ ಹೆಸರು ಅದರಲ್ಲಿಲ್ಲ. 1305ರಲ್ಲಿ ರಾಜದ್ರೋಹದ ಆರೋಪ ಹೊರಿಸಿದಾಗ ಅವನು ಕೊಟ್ಟ ಉತ್ತರವೂ ಅದೇ: ನಾನು ಪ್ರಮಾಣವನ್ನೇ ಮಾಡದ ದೊರೆಗೆ ದ್ರೋಹಿ ಹೇಗಾದೇನು? ಎಂಥ ಮಾತು ನೋಡಿ! ಒಂದು ಇಡೀ ಸಿನಿಮಾ ತೆಗೆಯಬಹುದಾದ ಮಾತು. ನಮಗೆ ನೆನಪಿರುವುದು ಮಾತ್ರ ನೀಲಿ ಬಣ್ಣ ಬಳಿದುಕೊಂಡ ಮುಖ.

ಈಗ ನಮ್ಮ ರಾಯಣ್ಣನ ಕಡೆ ಬರೋಣ.

ಚಿತ್ರದ ಬಗ್ಗೆ ಒಳ್ಳೆಯ ಮಾತನ್ನು ಮೊದಲು ಹೇಳಬೇಕು. ಆನಂದ್ ಅಪ್ಪುಗೋಳ್ ಧಾರಾಳವಾಗಿ ಖರ್ಚು ಮಾಡಿ ನಿರ್ಮಿಸಿದ, 2012ರ ರಾಜ್ಯೋತ್ಸವದ ದಿನವೇ ಬಿಡುಗಡೆಯಾದ ಚಿತ್ರ ಇದು. ದರ್ಶನ್ ಮೈಕಟ್ಟು, ದನಿ ಎರಡೂ ಪಾತ್ರಕ್ಕೆ ಒಪ್ಪುತ್ತವೆ. ಚೆನ್ನಮ್ಮನಾಗಿ ಜಯಪ್ರದಾ ಗಾಂಭೀರ್ಯ ಬಿಟ್ಟುಕೊಡುವುದಿಲ್ಲ. ಬೆಳಗಾವಿ ಸೀಮೆಯ ಒಬ್ಬ ಹಳ್ಳಿಯವನ ಹೆಸರನ್ನು ಮೈಸೂರು ಸೀಮೆಯ ಮಕ್ಕಳ ಬಾಯಿಗೂ, ಮಸ್ಕತ್ತಿನಲ್ಲಿ ಹುಟ್ಟಿದ ಮಕ್ಕಳ ಬಾಯಿಗೂ ತಂದದ್ದು ಸಣ್ಣ ಕೆಲಸವಲ್ಲ.

ಆದರೂ ಹುಡುಗನ ಪ್ರಶ್ನೆ ಹಾಗೇ ಉಳಿಯಿತಲ್ಲ, ಯಾಕೆ? ಕಂದಾಯದ ಕ್ರೌರ್ಯ ಚಿತ್ರದಲ್ಲಿ ಇಲ್ಲವೆಂದಲ್ಲ. ಆದರೆ ಅದು ನಾಯಕನ ಸಿಟ್ಟಿಗೆ ಕಡ್ಡಿ ಗೀರುವಷ್ಟು ಮಾತ್ರ ಇದೆ. ಆಮೇಲೆ ಕುದುರೆ, ಕತ್ತಿ, ಹಾಡು, ಡೈಲಾಗು. ನಾಯಕ ದೊಡ್ಡವನಾಗುತ್ತ ಹೋದ ಹಾಗೆ ಅವನ ಹೊಲ ಚಿಕ್ಕದಾಗುತ್ತ ಹೋಗುತ್ತದೆ.

ರಾಯಣ್ಣ ಯಾರು? ಸಂಗೊಳ್ಳಿಯ ವಾಲಿಕಾರ. ಇನ್ನೊಂದು ಹೆಸರು ಶೇತಸನದಿ. ಶೇತ ಅಂದರೆ ಹೊಲ, ಸನದು ಅಂದರೆ ಹಕ್ಕುಪತ್ರ. ಊರು ಕಾಯುವ, ಕರೆ ಬಂದಾಗ ಯುದ್ಧಕ್ಕೆ ಹೋಗುವ ಕೆಲಸಕ್ಕೆ ಸಂಬಳದ ಬದಲು ಹೊಲವನ್ನು ಉಂಬಳಿಯಾಗಿ ಪಡೆದವನು. ಅವನ ಹುದ್ದೆಯ ಹೆಸರಿನಲ್ಲೇ ಕಾಗದ ಇದೆ! ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರ ಇಂಥವರ ಜಮೀನಿಗೆ ಕೈ ಹಾಕಿತು. ಒಂದಿಷ್ಟು ಕಿತ್ತುಕೊಂಡು, ಉಳಿದದ್ದಕ್ಕೆ ಕಂದಾಯ ಏರಿಸಿತು. ರಾಯಣ್ಣನ ಹೊಲಕ್ಕೂ ಅದೇ ಗತಿಯಾಯಿತು.

ಅವನು 1829-30ರಲ್ಲಿ ತಿರುಗಿಬಿದ್ದಾಗ ಮಾಡಿದ್ದೇನು? ಬೀಡಿ, ನಂದಗಡ, ಖಾನಾಪುರ, ಸಂಪಗಾವಿ ಸುತ್ತಮುತ್ತ ಸರಕಾರಿ ಕಚೇರಿ, ಖಜಾನೆಗಳ ಮೇಲೆ ಬಿದ್ದ. ಭೂಮಿಯ ದಫ್ತರಗಳನ್ನು ಸುಟ್ಟ. ಯಾರ ಹೊಲ ಯಾರದ್ದು, ಯಾರು ಎಷ್ಟು ಕೊಡಬೇಕು ಎಂದು ಬರೆದಿಟ್ಟ ಕಾಗದಗಳೇ ಕಂಪನಿಯ ನಿಜವಾದ ಕೋಟೆ ಎಂದು ಅವನಿಗೆ ಗೊತ್ತಿತ್ತು. ತನ್ನ ಸನದನ್ನು ಕಸಿದವರ ದಫ್ತರಕ್ಕೆ ಬೆಂಕಿ ಇಟ್ಟ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಚೆನ್ನಮ್ಮನ ಕಥೆಯೂ ಕಾಗದದ್ದೇ. 1961ರಲ್ಲಿ ಬಿ.ಆರ್. ಪಂತುಲು ತೆಗೆದ 'ಕಿತ್ತೂರು ಚೆನ್ನಮ್ಮ' ನೋಡಿದವರಿಗೆ ಬಿ. ಸರೋಜಾದೇವಿ ಕಪ್ಪದ ಬಗ್ಗೆ ಗುಡುಗುವ ದೃಶ್ಯ ಮರೆಯುವ ಹಾಗಿಲ್ಲ. ಎರಡು ವರ್ಷ ಮೊದಲು, 1959ರಲ್ಲಿ, ಇದೇ ಪಂತುಲು ತಮಿಳಿನಲ್ಲಿ ಕಟ್ಟಬೊಮ್ಮನ್ ಚಿತ್ರ ತೆಗೆದಿದ್ದರು. ಅಲ್ಲಿ ಶಿವಾಜಿ ಗಣೇಶನ್ ಕೂಡ ಕಪ್ಪದ ಮೇಲೇ ಗುಡುಗುತ್ತಾರೆ. ಗಿಬ್ಸನ್‌ಗಿಂತ ಪಂತುಲು ವಾಸಿ ಅನ್ನುತ್ತೇನೆ ನಾನು. ಕಡೇಪಕ್ಷ ಜಗಳ ದುಡ್ಡಿನದು ಎಂದು ಅವರು ಮರೆಯಲಿಲ್ಲ. ಆದರೆ 1824ರ ಕಿತ್ತೂರಿನಲ್ಲಿ ಜಗಳ ಹತ್ತಿದ್ದು ಕಪ್ಪಕ್ಕಲ್ಲ, ದತ್ತಕಕ್ಕೆ. ಸಾಯುವ ಮುನ್ನ ದೇಸಾಯಿ ಶಿವಲಿಂಗರುದ್ರ ಸರ್ಜ ಮಗನನ್ನು ದತ್ತು ತೆಗೆದುಕೊಂಡ ಕಾಗದವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ. ಸಹಿಯ ಮೇಲೂ ಅನುಮಾನ, ದತ್ತಕವಾದ ಹೊತ್ತಿನ ಮೇಲೂ ಅನುಮಾನ. ಖಜಾನೆಗೆ ಕಾವಲು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ. ಈ ಥ್ಯಾಕರೆ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ ಎಂಬುದು ಸಾಹಿತ್ಯಪ್ರಿಯರಾದ ನಿಮಗೆ ಬೋನಸ್! ಮುಂದೆ ರಾಯಣ್ಣ ದಂಗೆ ಎದ್ದದ್ದೂ ಆ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಲೆಂದೇ.

ಕಾಗದ ಬರೀ ಶತ್ರುವಿನ ಆಯುಧ ಎಂದೂ ತಿಳಿಯಬೇಡಿ. ಕಿತ್ತೂರಿನವರ ಕೈಗೆ ಸೆರೆಸಿಕ್ಕ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿ ಬದುಕಿ ಹೊರಬಂದು, ಮುಂದೆ ನಮ್ಮ ಶಾಸನಗಳನ್ನು ರಾಶಿ ರಾಶಿಯಾಗಿ ನಕಲು ಮಾಡಿಸಿದ. ರಾಯಣ್ಣನ ಲಾವಣಿಯನ್ನು ಜನರ ಬಾಯಿಂದ ಬರೆದುಕೊಂಡು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವನೂ ಸರಕಾರಿ ಅಧಿಕಾರಿ, ಜೆ.ಎಫ್. ಫ್ಲೀಟ್. ದಫ್ತರ ಸುಟ್ಟವನ ಹಾಡು ದಫ್ತರದವರ ಕೈಯಲ್ಲೇ ಉಳಿಯಿತು!

"ಸಿನಿಮಾಕ್ಕೆ ಕಾಗದ ಸಾಲದು ಸ್ವಾಮಿ, ಕಣ್ಣೀರು ಬೇಕು" ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಎರಡನ್ನೂ ಒಟ್ಟಿಗೆ ಹಿಡಿಯುವುದು ಸಾಧ್ಯ ಎನ್ನುವುದಕ್ಕೆ ಸಾಕ್ಷಿ ನಾವು ಅನ್ನ ತಿನ್ನುತ್ತಿರುವ ಈ ಊರಿನಲ್ಲೇ ಇದೆ. ಮತ್ರಾ ಕಡೆಯಿಂದ ಹಳೇ ಮಸ್ಕತ್ತಿಗೆ ಹೋದಾಗ ಜಲಾಲಿ, ಮಿರಾನಿ ಕೋಟೆಗಳನ್ನು ನೋಡುತ್ತೀರಲ್ಲ, ಪೋರ್ಚುಗೀಸರು ಕಟ್ಟಿದ್ದು. 1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಅವರನ್ನು ಇಲ್ಲಿಂದ ಓಡಿಸಿದ. ಅದು ಹೇಗೆ ಎಂದು ಒಮಾನಿನ ಇತಿಹಾಸಕಾರ ಇಬ್ನ್ ರುಜೈಕ್ ಒಂದು ಕಥೆ ಹೇಳುತ್ತಾನೆ. ಬ್ಯಾಡ್ಜರ್ ಎಂಬಾತ 1871ರಲ್ಲಿ ಇಂಗ್ಲಿಷಿಗೆ ತಂದ ಪುಸ್ತಕ. ಮಸ್ಕತ್ತಿನಲ್ಲಿ ನರೋತ್ತಮ ಎಂಬ ಬನಿಯಾ ವ್ಯಾಪಾರಿ ಇದ್ದ. ಪೋರ್ಚುಗೀಸ್ ಅಧಿಕಾರಿ ಅವನ ಮಗಳನ್ನು ಮದುವೆ ಮಾಡಿಕೊಡೆಂದು ಗಂಟುಬಿದ್ದ. ತಂದೆ ಕತ್ತಿ ಹಿಡಿಯಲಿಲ್ಲ. "ಮದುವೆಗೆ ಸಿದ್ಧತೆಗೆ ಸಮಯ ಕೊಡಿ" ಎಂದ. ಜೊತೆಗೇ "ಕೋಟೆಯ ನೀರು ಕೊಳೆತಿದೆ, ಗೋಧಿ ಹಳತಾಗಿದೆ, ಮದ್ದು ಕೆಟ್ಟಿದೆ, ಎಲ್ಲ ತೆಗೆಸಿ ಹೊಸದು ತುಂಬಿಸೋಣ" ಎಂದ. ಹಳೆಯದು ಹೊರಗೆ ಹೋಯಿತು, ಹೊಸದು ಒಳಗೆ ಬರಲಿಲ್ಲ. ಇಮಾಮನಿಗೆ ಸುದ್ದಿ ಮುಟ್ಟಿತು. ಕೋಟೆ ಬಿತ್ತು. ಇನಾಮು ಏನು ಗೊತ್ತೇ? ನರೋತ್ತಮನಿಗೆ ತಲೆಗಂದಾಯ ಮಾಫಿ!

ಇದರಲ್ಲಿ ಎಷ್ಟು ನಿಜವೋ, ಎಷ್ಟು ಕಥೆಯೋ, ಇರಲಿ. ಹೇಳುವ ಬಗೆ ನೋಡಿ. ಮಗಳ ಮಾನದ ಸಂಕಟವೂ ಇದೆ, ಗೋದಾಮಿನ ಲೆಕ್ಕವೂ ಇದೆ. ಸಿಟ್ಟು ಹುಟ್ಟಿದ್ದು ಮನೆಯಲ್ಲಿ, ಸಿಟ್ಟು ಕೆಲಸ ಮಾಡಿದ್ದು ಸ್ಟಾಕ್ ರಿಜಿಸ್ಟರಿನಲ್ಲಿ. ಒಬ್ಬ ಮಾಮೂಲಿ ಮನುಷ್ಯ ತನಗೆ ಗೊತ್ತಿದ್ದ ಕೆಲಸದಿಂದಲೇ ಕೋಟೆ ಕೆಡವಿದ. ನಮ್ಮ ವಾಲಿಕಾರನೂ ಹಾಗೇ ಅಲ್ಲವೇ? ಊರಿನ ಹೊಲ, ದಾರಿ, ಕಚೇರಿ ಎಲ್ಲವನ್ನೂ ಬಲ್ಲವನು. ಆ ಬಲ್ಲತನವೇ ಅವನ ಶೌರ್ಯ. ಚಿತ್ರ ಅದನ್ನು ಕಳೆದು ಕತ್ತಿಯನ್ನಷ್ಟೇ ಉಳಿಸಿಕೊಂಡಿತು.

ಕಳೆದದ್ದರಿಂದ ನಷ್ಟ ಏನು? ಸ್ಕಾಟ್ಲೆಂಡಿನ ವಾಲೇಸ್ ಸ್ಮಾರಕದ ಬಳಿ 1997ರಲ್ಲಿ ಒಂದು ಪ್ರತಿಮೆ ನಿಲ್ಲಿಸಿದರು. ಹೆಸರು ವಾಲೇಸನದು, ಮುಖ ಮೆಲ್ ಗಿಬ್ಸನ್‌ನದು! ಜನ ಉಗಿದರು. 2008ರಲ್ಲಿ ಅದು ಅಲ್ಲಿಂದ ಹೋಯಿತು. ನಮ್ಮ ರಾಯಣ್ಣನ ಹೆಸರನ್ನು ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಇಟ್ಟಿದ್ದಾರೆ, ಸಂತೋಷ. ಟಿಕೇಟಿನಲ್ಲಿ ಅದು 'ಕೆಎಸ್ಆರ್' ಎಂಬ ಮೂರಕ್ಷರ. ಮುಖ ನಟನದಾಗಿ, ಹೆಸರು ಮೂರಕ್ಷರವಾದರೆ, ಹೊಲ ಕಳೆದುಕೊಂಡ ಆ ಮನುಷ್ಯ ಎಲ್ಲಿ ಹೋದ?

ಕೊನೆಗೆ ಹುಡುಗನಿಗೆ ಉತ್ತರ. ಮಗೂ, ನಿನ್ನ ಅಪ್ಪನ ರೆಸಿಡೆಂಟ್ ಕಾರ್ಡ್ ರಿನ್ಯೂವಲ್‌ಗೆ ಅರ್ಜಿ ಟೈಪ್ ಮಾಡಿಸಲು ನೀವು ಹೋಗುವ ಜಾಗದ ಬೋರ್ಡಿನ ಮೇಲೆ ಏನು ಬರೆದಿದೆ? ಸನದ್. ಅರಬ್ಬಿಯಲ್ಲಿ ಅದಕ್ಕೆ ಆಸರೆ ಎಂಬ ಅರ್ಥವೂ ಇದೆ, ಹಕ್ಕುಪತ್ರ ಎಂಬ ಅರ್ಥವೂ ಇದೆ. ರಾಯಣ್ಣನ ಸನದಿನಲ್ಲಿರುವುದೂ ಅದೇ ಪದ. ಒಂದು ಕಾಗದ ಕೈಯಲ್ಲಿದ್ದರೆ ಈ ಊರು ನಮ್ಮದು, ಇಲ್ಲದಿದ್ದರೆ ಅಲ್ಲ. ಹೊಸ ಕೆಲಸಕ್ಕೆ ಸೇರಲು ಹಳೆಯ ಮಾಲೀಕನ ಎನ್‌ಓಸಿ ಬೇಕು ಎಂಬ ನಿಯಮ 2021ರ ಜನವರಿಯಲ್ಲಿ ಹೋದಾಗ ಇಲ್ಲಿನ ಎಷ್ಟೋ ಜನ ನಿಟ್ಟುಸಿರು ಬಿಟ್ಟರು, ನಿನ್ನ ಅಪ್ಪನನ್ನು ಕೇಳು. ನಾವಂತೂ ಇನ್ನೊಬ್ಬರ ದೇಶಕ್ಕೆ ದುಡಿಯಲು ಬಂದವರು, ಆ ಕಾಗದಕ್ಕೆ ಒಪ್ಪಿಯೇ ಬಂದವರು. ರಾಯಣ್ಣ ಎಲ್ಲಿಗೂ ಹೋಗಿರಲಿಲ್ಲ. ಹೊರಗಿನಿಂದ ಬಂದವರು ಅವನ ಸ್ವಂತ ಊರಿನಲ್ಲೇ ಅವನ ಆಸರೆಯನ್ನು ಕಿತ್ತುಕೊಂಡರು. ಅವನಿಗೆ ಮಾಡಿದ್ದು ಅದು.

ಮುಂದಿನ ಬಾರಿ ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ನೋಡೋಣ ಎಂದು ನನ್ನ ಸಲಹೆ. ರಾಜಕುಮಾರ್ ಮಲ್ಲಸರ್ಜನಾಗಿ ಇದ್ದಾರೆ, ಇನ್ನೇನು ಬೇಕು? ನನ್ನ ಮಾತು ಒಪ್ಪಿಗೆಯಾಗದವರು ದಯವಿಟ್ಟು ಉತ್ತರ ಬರೆಯಿರಿ. ಜಗಳ ಆಡೋಣ, ಆದರೆ ಅವಲಕ್ಕಿ ತಿಂದ ಮೇಲೆ.


ನಿಮ್ಮವನೇ ಒಬ್ಬ ಬಳಗದವ, ಮಸ್ಕತ್