‘ಕಥಾ’: ಒಂದು ಹಾಸ್ಯಚಿತ್ರದ ಅಂತರಾರ್ಥ

ಹಾಸ್ಯವನ್ನು ಲಘುವೆಂದು ಬಗೆಯುವ ವಾಡಿಕೆ ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ಬೇರೂರಿದೆ. ದುಃಖಾಂತವಾದ ಕೃತಿಯೊಂದು ಕೈಗೆ ಬಂದರೆ ಅದರಲ್ಲಿ ಗಹನವಾದ ಅರ್ಥವಿರಲೇಬೇಕೆಂದು ಶೋಧನೆಗೆ ತೊಡಗುತ್ತೇವೆ. ನಗಿಸುವ ಕೃತಿಯಾದರೆ ನಕ್ಕು, ಮೆಚ್ಚಿ, ಬದಿಗಿಡುತ್ತೇವೆ. ಪ್ರೇಮವನ್ನು ವಸ್ತುವಾಗಿ ಉಳ್ಳ ಹಾಸ್ಯಚಿತ್ರಗಳಿಗಂತೂ ಈ ಉಪೇಕ್ಷೆ ಇಮ್ಮಡಿಯಾಗಿ ತಟ್ಟುತ್ತದೆ. ಶೃಂಗಾರವೂ ಹಾಸ್ಯವೂ ಕೂಡಿದ ಕಡೆ ವಿಚಾರಕ್ಕೆ ಎಡೆಯೆಲ್ಲಿಯದು ಎಂಬುದೇ ಆ ಉಪೇಕ್ಷೆಯ ಹಿಂದಿರುವ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ನಿರ್ದಿಷ್ಟ ಕೃತಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಕೃತಿ ಸಾಯಿ ಪರಾಂಜಪೆಯವರು ನಿರ್ದೇಶಿಸಿದ, 1983ರ ‘ಕಥಾ’ ಎಂಬ ಹಿಂದೀ ಚಿತ್ರ. ಎಸ್. ಜಿ. ಸಾಠೆಯವರ ‘ಸಸಾ ಆಣಿ ಕಾಸವ’, ಎಂದರೆ ‘ಮೊಲ ಮತ್ತು ಆಮೆ’, ಎಂಬ ಮರಾಠಿ ನಾಟಕ ಇದಕ್ಕೆ ಆಧಾರ. ಅತ್ಯುತ್ತಮ ಹಿಂದೀ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ದೊರೆಯಿತು. ಆದರೂ ಪರಾಂಜಪೆಯವರ ಹೆಸರೆತ್ತಿದೊಡನೆ ಜನರ ನಾಲಗೆಗೆ ಬರುವುದು 1981ರ ‘ಚಶ್ಮೆ ಬದ್ದೂರ್’. ಆ ಚಿತ್ರ ನವೀಕೃತವಾಗಿ 2013ರ ಏಪ್ರಿಲಿನಲ್ಲಿ ಮತ್ತೆ ತೆರೆಗೆ ಬಂದಿತು. ಅದೇ ದಿನ ಅದರ ಹೊಸ ರೂಪವೊಂದು ಬೇರೆ ನಿರ್ದೇಶಕರಿಂದ ಬಿಡುಗಡೆಯಾಯಿತು. ‘ಕಥಾ’ ಚಿತ್ರಕ್ಕೆ ಅಂತಹ ಮರುಹುಟ್ಟು ಒದಗಲಿಲ್ಲ. ಗಂಭೀರಚಿತ್ರಗಳ ಚರ್ಚೆಯಲ್ಲಿ ಪರಾಂಜಪೆಯವರ ‘ಸ್ಪರ್ಶ್’ (1980) ಉಲ್ಲೇಖಗೊಳ್ಳುತ್ತದೆ. ವಿನೋದಚಿತ್ರಗಳ ಚರ್ಚೆಯಲ್ಲಿ ‘ಚಶ್ಮೆ ಬದ್ದೂರ್’. ಎರಡರ ನಡುವೆ ‘ಕಥಾ’ ನುಸುಳಿಹೋಗಿದೆ.

ಕಥಾವಸ್ತು ಸರಳವಾದುದು. ಮುಂಬಯಿಯ ಚಾಳೊಂದರಲ್ಲಿ ವಾಸಿಸುವ ರಾಜಾರಾಮ ಪುರುಷೋತ್ತಮ ಜೋಶಿ ಪಾದರಕ್ಷೆಯ ಕಂಪನಿಯೊಂದರಲ್ಲಿ ಗುಮಾಸ್ತ. ನೆರೆಮನೆಯ ಸಂಧ್ಯಾ ಸಬ್ನೀಸಳಲ್ಲಿ ಅವನಿಗೆ ಅನುರಾಗ. ಆದರೆ ಅದನ್ನು ಹೇಳಲಾರ. ಇಂತಿರಲು ಅವನ ಹಳೆಯ ಮಿತ್ರ ವಾಸುದೇವ, ಅಂದರೆ ಬಾಶು, ಹೇಳದೆ ಕೇಳದೆ ಬಂದು ಅವನ ಕೋಣೆಯಲ್ಲಿಯೇ ಠಾವು ಹೂಡುತ್ತಾನೆ. ಮಾತಿನ ಮೋಡಿಗಾರನಾದ ಬಾಶು ಚಾಳಿನ ಆಬಾಲವೃದ್ಧರನ್ನೂ ಒಲಿಸಿಕೊಳ್ಳುತ್ತಾನೆ. ರಾಜಾರಾಮನ ಕಂಪನಿಯಲ್ಲೇ ಉದ್ಯೋಗ ಗಿಟ್ಟಿಸುತ್ತಾನೆ. ಯಜಮಾನನ ಹೆಂಡತಿಯೊಡನೆಯೂ ಮಗಳೊಡನೆಯೂ ಸರಸಕ್ಕಿಳಿಯುತ್ತಾನೆ. ಸಂಧ್ಯಾಳ ಮನಸ್ಸನ್ನೂ ಗೆಲ್ಲುತ್ತಾನೆ. ಅವಳೊಡನೆ ವಿವಾಹ ನಿಶ್ಚಯವಾದ ಮೇಲೆ, ತನ್ನ ಕಪಟ ಬಯಲಾಗುತ್ತಲೆ ಪರಾರಿಯಾಗುತ್ತಾನೆ. ರಾಜಾರಾಮ ಅವಳನ್ನು ವರಿಸಲು ಮುಂದೆ ಬರುತ್ತಾನೆ. ತಾನು ಬಾಶುವಿಗೆ ದೇಹವನ್ನೂ ಒಪ್ಪಿಸಿದ್ದೆನೆಂದು ಸಂಧ್ಯಾ ತಿಳಿಸುತ್ತಾಳೆ. ಅವನು ಅದನ್ನರಿತೂ ಅವಳನ್ನು ಸ್ವೀಕರಿಸುತ್ತಾನೆ.

ಚಿತ್ರದ ಆದಿಯಲ್ಲಿ ಆಮೆ–ಮೊಲಗಳ ಓಟದ ಕಥೆ ರೇಖಾಚಿತ್ರಗಳ ಮೂಲಕ ನಿರೂಪಿತವಾಗುತ್ತದೆ. ಆಮೆ ಯಾರು, ಮೊಲ ಯಾರು ಎಂಬುದರಲ್ಲಿ ಪ್ರೇಕ್ಷಕನಿಗೆ ಸಂದೇಹ ಉಳಿಯುವುದಿಲ್ಲ. ಆದುದರಿಂದ ಈ ಚಿತ್ರವನ್ನು ನೀತಿಕಥೆಯ ಆಧುನಿಕ ರೂಪವೆಂದು ಓದಿ ಮುಗಿಸುವುದು ಸುಲಭ: ತಾಳಿದವನು ಬಾಳಿದನು, ನಿಧಾನವಾದಿ ಗೆದ್ದನು. ಆದರೆ ಈಸೋಪನ ಹೆಸರಿನಲ್ಲಿ ಪ್ರಸಿದ್ಧವಾದ ಆ ಕಥೆಯನ್ನು ಚಿತ್ರದೊಡನೆ ಎದುರೆದುರು ಇಟ್ಟು ನೋಡಿದರೆ ಎರಡರ ನಡುವಣ ಅಂತರ ಹೊಳೆಯುತ್ತದೆ. ಮೂಲಕಥೆಯಲ್ಲಿ ಮೊಲ ನಿದ್ರಿಸುತ್ತದೆ. ಆಮೆ ಎಡೆಬಿಡದೆ ನಡೆಯುತ್ತದೆ. ಇಲ್ಲಿ ಬಾಶು ಒಂದು ಗಳಿಗೆಯೂ ನಿದ್ರಿಸುವುದಿಲ್ಲ. ರಾಜಾರಾಮನಾದರೋ ಹೆಜ್ಜೆಯನ್ನೇ ಎತ್ತಿಡುವುದಿಲ್ಲ. ಮೂಲಕಥೆಯಲ್ಲಿ ಗುರಿಯೊಂದಿದೆ, ಮೊದಲು ಮುಟ್ಟಿದವನು ಯಾರೆಂಬುದರಿಂದ ಜಯಾಪಜಯ ನಿರ್ಣಯವಾಗುತ್ತದೆ. ಇಲ್ಲಿ ಗುರಿಯನ್ನು ಮೊದಲು ಮುಟ್ಟಿದವನು ಮೊಲವೇ. ಮುಟ್ಟಿದ ಮೇಲೆ ಅದು ತನಗೆ ಬೇಡವೆಂದು ಬೇರೆಡೆಗೆ ಓಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗುರಿಯೆಂಬುದು ಮೂಲಕಥೆಯಲ್ಲಿ ಅಚೇತನವಾದ ಒಂದು ಗೆರೆ. ಚಿತ್ರದಲ್ಲಿ ಅದು ಹೃದಯವುಳ್ಳ ಒಬ್ಬ ಹೆಣ್ಣು. ಓಟದ ಗೆರೆಗೆ ನೋವಾಗುವುದಿಲ್ಲ, ಸಂಧ್ಯಾಳಿಗೆ ಆಗುತ್ತದೆ. ನೀತಿಕಥೆ ಮುರಿದುಬೀಳುವುದು ಈ ಸ್ಥಳದಲ್ಲಿ. ಚಿತ್ರದ ನಿಜವಾದ ಅರ್ಥ ತೊಡಗುವುದೂ ಇಲ್ಲಿಂದಲೇ.

ಆ ಅರ್ಥವನ್ನು ಗ್ರಹಿಸಲು ನಮ್ಮ ಪ್ರಾಚೀನ ಲಾಕ್ಷಣಿಕರ ಒಂದು ಸೂಕ್ಷ್ಮದರ್ಶನ ನೆರವಾಗುತ್ತದೆ. ಹಾಸ್ಯರಸವು ಶೃಂಗಾರದಿಂದ ಹುಟ್ಟುವುದೆಂದು ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿ, ಶೃಂಗಾರದ ಅನುಕರಣವೇ ಹಾಸ್ಯವೆಂದು ವಿವರಿಸುತ್ತಾನೆ. ಪ್ರೇಮವಿಲ್ಲದ ಕಡೆ ಪ್ರೇಮದ ಭಾವಭಂಗಿಗಳನ್ನು ತಂದು ತೋರಿಸಿದಾಗ ನಗೆ ಹುಟ್ಟುತ್ತದೆ ಎಂಬುದು ಇದರ ತಾತ್ಪರ್ಯ. ಬಾಶುವಿನ ಪಾತ್ರಕ್ಕೆ ಇದಕ್ಕಿಂತ ಸಮರ್ಪಕವಾದ ಲಕ್ಷಣ ದೊರೆಯಲಾರದು. ಅವನಲ್ಲಿ ಪ್ರೇಮದ ಸಕಲ ಚಿಹ್ನೆಗಳೂ ಇವೆ: ಕಟಾಕ್ಷ, ಸ್ತುತಿ, ವಿರಹದ ನಟನೆ, ಸಮಯಕ್ಕೆ ತಕ್ಕ ಮಾತು. ಇಲ್ಲದಿರುವುದು ಪ್ರೇಮವೊಂದೇ. ಯಜಮಾನನ ಮನೆಯಲ್ಲೂ ಚಾಳಿನಲ್ಲೂ ಏಕಕಾಲದಲ್ಲಿ ನಡೆಯುವ ಅವನ ಪ್ರಣಯಗಳನ್ನು ಒಂದರ ಪಕ್ಕದಲ್ಲೊಂದು ಕಂಡು ನಾವು ನಗುತ್ತೇವೆ. ನಾವು ನಗುವುದು ಅದು ಅನುಕರಣವೆಂದು ಬಲ್ಲೆವಾದುದರಿಂದ. ಅದನ್ನು ಅರಿಯದ ಒಬ್ಬಳು ಅದನ್ನೇ ಶೃಂಗಾರವೆಂದು ನಂಬಿದಾಗ, ಅದೇ ಹಾಸ್ಯವು ಕರುಣವಾಗಿ ಪರಿಣಮಿಸುತ್ತದೆ. ಚಿತ್ರದ ಪೂರ್ವಾರ್ಧದ ನಗೆಗೂ ಅಂತ್ಯದ ನೋವಿಗೂ ಕಾರಣವಾದ ವಸ್ತು ಒಂದೇ. ಉತ್ತರಾರ್ಧದಲ್ಲಿ ಚಿತ್ರದ ಧಾಟಿ ಹಠಾತ್ತನೆ ಬದಲಾಗುವುದೆಂದು ಆಕ್ಷೇಪಿಸುವವರು ಈ ಸಂಬಂಧವನ್ನು ಗಮನಿಸಬೇಕು. ಬದಲಾಗುವುದು ಧಾಟಿಯಲ್ಲ, ನಾವು ನೋಡುವ ಸ್ಥಾನ.

ಪಾತ್ರಹಂಚಿಕೆಯಲ್ಲಿಯೂ ಈ ತಂತ್ರ ಅಡಗಿದೆ. ಬಾಶುವಾಗಿ ನಟಿಸಿದವರು ಫಾರೂಕ್ ಶೇಖ್. ರಾಜಾರಾಮನಾಗಿ ನಸೀರುದ್ದೀನ್ ಶಾ. ಸಂಧ್ಯಾಳಾಗಿ ದೀಪ್ತಿ ನವಲ್. ‘ಗಮನ್’ (1978) ಚಿತ್ರದಲ್ಲಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ಟ್ಯಾಕ್ಸಿ ನಡೆಸುವ ಮುಗ್ಧನಾಗಿಯೂ, ‘ಚಶ್ಮೆ ಬದ್ದೂರ್’ನಲ್ಲಿ ಓದಿನಲ್ಲೇ ಮುಳುಗಿದ ಸಂಕೋಚಸ್ವಭಾವದ ಯುವಕನಾಗಿಯೂ ಪ್ರೇಕ್ಷಕರು ಫಾರೂಕ್ ಶೇಖರನ್ನು ಕಂಡಿದ್ದರು. ‘ಚಶ್ಮೆ ಬದ್ದೂರ್’ನಲ್ಲಿ ಸುಳ್ಳು ಹೇಳಿ ಸೋಲುವವರು ಅವನ ಗೆಳೆಯರು, ದೀಪ್ತಿ ನವಲರ ಪಾತ್ರ ಒಲಿಯುವುದು ಆ ಮೌನಿಗೆ. ಎರಡು ವರ್ಷಗಳ ತರುವಾಯ ಅದೇ ನಟನಟಿಯರ ಜೋಡಿಯನ್ನು ಮತ್ತೆ ತೆರೆಯ ಮೇಲೆ ತಂದು, ಆ ಮುಖದ ಸಜ್ಜನಿಕೆಯನ್ನೇ ಕಪಟದ ಬಂಡವಾಳವಾಗಿ ನಿರ್ದೇಶಕಿ ಬಳಸಿದ್ದಾರೆ. ಬಾಶು ಧೂರ್ತನೆಂದು ಬುದ್ಧಿಗೆ ತಿಳಿದಿದ್ದರೂ ಅವನನ್ನು ಮೆಚ್ಚದಿರಲು ನಮ್ಮಿಂದಾಗುವುದಿಲ್ಲ. ಚಾಳಿನ ಜನ ಮೋಸಹೋದುದನ್ನು ನಾವು ಮೇಲಿನಿಂದ ನೋಡಿ ನಗುವುದಲ್ಲ. ಅವರೊಡನೆ ನಾವೂ ಮೋಸಹೋಗಿರುತ್ತೇವೆ. 2013ರ ಡಿಸೆಂಬರಿನಲ್ಲಿ ತೀರಿಕೊಂಡ ಆ ನಟನ ಪಾತ್ರಗಳ ಪೈಕಿ ಇದು ವಿಶಿಷ್ಟವಾಗಿ ಉಳಿಯುವುದು ಈ ಕಾರಣದಿಂದ.

ಚಾಳಿನ ಸ್ವರೂಪವೂ ಇಲ್ಲಿ ಕೇವಲ ಹಿನ್ನೆಲೆಯಲ್ಲ. ಮುಂಬಯಿಯಲ್ಲಿ ಗಿರಣಿಗಳು ಬೆಳೆದಂತೆ ಕೆಲಸಗಾರರ ವಸತಿಗಾಗಿ ಎದ್ದ ಈ ಕಟ್ಟಡಗಳಲ್ಲಿ ಕುಟುಂಬಕ್ಕೆ ಒಂದೆರಡು ಕೋಣೆ, ಎಲ್ಲರಿಗೂ ಸೇರಿ ಒಂದು ಉದ್ದನೆಯ ಮೊಗಸಾಲೆ. ಒಬ್ಬರ ಮನೆಯ ಸಂತೋಷವೂ ಜಗಳವೂ ಆ ಮೊಗಸಾಲೆಯಲ್ಲಿ ಸಾರ್ವಜನಿಕವಾಗುತ್ತವೆ. ಇಂತಹ ಸ್ಥಳದಲ್ಲಿ ಗುಟ್ಟೆಂಬುದು ಉಳಿಯಲಾರದೆಂದು ತೋರುತ್ತದೆ. ಆದರೆ ಎಲ್ಲವೂ ಕಾಣುವ ಈ ಲೋಕದಲ್ಲಿ ಕಾಣದೆ ಉಳಿದವು ಮೂರು: ಬಾಶುವಿನ ಕಪಟ, ರಾಜಾರಾಮನ ಪ್ರೇಮ, ಸಂಧ್ಯಾಳ ಸಂಕಟ. ನೆರೆಹೊರೆಯವರು ನೋಡುವುದು ಬಹಳ, ಅರಿಯುವುದು ಅಲ್ಪ. ಮುಂಬಯಿಯ ಕಚೇರಿಯ ಲೋಕವನ್ನು ಕನ್ನಡ ವಾಚಕರು ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯಲ್ಲಿ ಕಂಡಿದ್ದಾರೆ. ಅಲ್ಲಿ ನಾಗಪ್ಪನಿಗೆ ಕಚೇರಿಯು ಬೇಟೆಯ ಕಾಡಾಗಿ ಭಯ ಹುಟ್ಟಿಸುತ್ತದೆ. ‘ಕಥಾ’ದ ಕಚೇರಿ ನಗೆಯ ತಾಣ, ಆದರೂ ದುಡಿಮೆಗಿಂತ ಮಾತಿಗೆ ಬೆಲೆ ಹೆಚ್ಚೆಂಬ ನಗರಸತ್ಯವನ್ನು ಅದೂ ಮರೆಮಾಚುವುದಿಲ್ಲ. ವರ್ಷಗಟ್ಟಲೆ ದುಡಿದ ಗುಮಾಸ್ತನನ್ನು ನಿನ್ನೆ ಬಂದ ವಾಚಾಳಿ ಹಿಂದಿಕ್ಕುತ್ತಾನೆ.

ಹಾಗಾದರೆ ರಾಜಾರಾಮನು ನಿರ್ದೋಷಿಯೆ? ಚಿತ್ರವನ್ನು ಮೇಲೆ ಮೇಲೆ ನೋಡಿದವರು ಹೌದೆಂದೇ ಹೇಳುತ್ತಾರೆ. ಆದರೆ ಕೃತಿ ಅವನ ವಿಷಯದಲ್ಲಿ ಅಷ್ಟು ಮೃದುವಾಗಿಲ್ಲ. ಅವನ ಮೌನದಲ್ಲಿ ವಿನಯವಿರುವಂತೆ ಅಧೈರ್ಯವೂ ಇದೆ. ಬಾಶುವಿನ ಸ್ವಭಾವವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಹಾಗೆ ಬಲ್ಲವನು ಮಾತನಾಡದಿದ್ದುದರಿಂದ ತಿಳಿಯದವಳು ಬಲಿಯಾದಳು. ಸದ್ಗುಣವೆಂದು ನಾವು ಹೊಗಳುವ ತಾಳ್ಮೆಯು ಒಮ್ಮೊಮ್ಮೆ ಇನ್ನೊಬ್ಬರ ನಷ್ಟದಿಂದ ಪೋಷಿತವಾಗುತ್ತದೆ ಎಂಬ ಕಟುಸತ್ಯವನ್ನು ಚಿತ್ರವು ಉಪದೇಶವಿಲ್ಲದೆ ಸೂಚಿಸುತ್ತದೆ. ನಸೀರುದ್ದೀನ್ ಶಾ ತಮ್ಮ ಅಭಿನಯದಲ್ಲಿ ರಾಜಾರಾಮನನ್ನು ಸಂತನನ್ನಾಗಿಸದೆ, ನಗೆಗೀಡಾಗುವ ತಡವರಿಕೆಯ ಮನುಷ್ಯನನ್ನಾಗಿಯೇ ಉಳಿಸಿಕೊಂಡಿರುವುದು ಈ ಧ್ವನಿಗೆ ಪೋಷಕವಾಗಿದೆ.

ಇಲ್ಲಿಗೆ ಚಿತ್ರದ ಆಂತರಿಕ ರಚನೆ ಸ್ಪಷ್ಟವಾಗುತ್ತದೆ. ಒಬ್ಬನಲ್ಲಿ ಮಾತುಂಟು, ಅರ್ಥವಿಲ್ಲ. ಇನ್ನೊಬ್ಬನಲ್ಲಿ ಅರ್ಥವುಂಟು, ಮಾತಿಲ್ಲ. ಕಾಳಿದಾಸನು ರಘುವಂಶದ ನಾಂದಿಯಲ್ಲಿ ಪಾರ್ವತೀ ಪರಮೇಶ್ವರರನ್ನು ಕೂಡಿಕೊಂಡ ವಾಗರ್ಥಗಳಿಗೆ ಹೋಲಿಸಿದನು. ವಾಕ್ಕೂ ಅರ್ಥವೂ ಬೇರ್ಪಟ್ಟ ದಾಂಪತ್ಯವಾಗಲಿ ಸಮಾಜವಾಗಲಿ ಹೇಗಿರುತ್ತದೆಂಬುದನ್ನು ‘ಕಥಾ’ ನಗೆಯ ವೇಷದಲ್ಲಿ ಚಿತ್ರಿಸುತ್ತದೆ. ಬೇರ್ಪಟ್ಟ ಆ ಎರಡನ್ನು ಮತ್ತೆ ಕೂಡಿಸುವವರು ಗಂಡಸರಿಬ್ಬರಲ್ಲಿ ಯಾರೂ ಅಲ್ಲ, ಸಂಧ್ಯಾ. ವಿವಾಹಕ್ಕೆ ಮುಂದಾದ ರಾಜಾರಾಮನೆದುರು ಅವಳು ಸುಮ್ಮನಿದ್ದಿದ್ದರೆ ಲೋಕದೃಷ್ಟಿಯಿಂದ ಅವಳಿಗೆ ಲಾಭವೇ ಇತ್ತು. ಬಾಶುವಿನಂತೆ ಒಂದು ಸುಳ್ಳನ್ನೋ, ರಾಜಾರಾಮನಂತೆ ಒಂದು ಮೌನವನ್ನೋ ಆಶ್ರಯಿಸಬಹುದಾಗಿತ್ತು. ಎರಡನ್ನೂ ತೊರೆದು ಅವಳು ನಡೆದುದನ್ನು ನಡೆದಂತೆ ನುಡಿಯುತ್ತಾಳೆ. ಇಡೀ ಚಿತ್ರದಲ್ಲಿ ಆಡುವವರಿಗೆ ನಷ್ಟ ತರಬಹುದಾದ ಸತ್ಯವಚನ ಇದೊಂದೇ. ಅದನ್ನು ಕೇಳಿದ ಬಳಿಕ ರಾಜಾರಾಮನು ಕೊಡುವ ಒಪ್ಪಿಗೆಗೆ ಮೊದಲ ಬಾರಿಗೆ ಬೆಲೆ ಬರುತ್ತದೆ. ಏಕೆಂದರೆ ಆ ತನಕ ಅವನು ಒಲಿದಿದ್ದುದು ತನ್ನ ಮನಸ್ಸು ಕಟ್ಟಿಕೊಂಡ ಸಂಧ್ಯಾಳನ್ನು. ಈಗ ಒಪ್ಪುವುದು ಎದುರಿಗೆ ನಿಂತ ಸಂಧ್ಯಾಳನ್ನು. 1983ರ ಮಧ್ಯಮವರ್ಗದ ಪ್ರೇಕ್ಷಕರ ಮುಂದೆ, ಕನ್ಯತ್ವವನ್ನು ಕುಲಗೌರವದೊಡನೆ ಸಮೀಕರಿಸುವ ಸಮಾಜದಲ್ಲಿ, ಈ ಪ್ರಸಂಗವನ್ನು ಕಣ್ಣೀರಿನ ಕೋಡಿಯಿಲ್ಲದೆ, ನ್ಯಾಯಪೀಠದ ಭಾಷಣವಿಲ್ಲದೆ ತಂದುದು ಅಲ್ಪ ಸಾಹಸವಲ್ಲ.

ಕೃತಿಯಲ್ಲಿ ಕೊರತೆ ಇಲ್ಲವೆಂದಲ್ಲ. ಬಾಶುವಿನ ಲೀಲೆಗಳಿಗೆ ಮೀಸಲಾದ ಅವಕಾಶದಲ್ಲಿ ಒಂದಂಶವಾದರೂ ಸಂಧ್ಯಾಳ ಅಂತರಂಗಕ್ಕೆ ಸಂದಿದ್ದರೆ ಅಂತ್ಯಕ್ಕೆ ಇನ್ನಷ್ಟು ಬಲ ಬರುತ್ತಿತ್ತು. ಯಜಮಾನನ ಮನೆಯ ಪ್ರಸಂಗಗಳು ಕೆಲವೆಡೆ ಪ್ರಹಸನದ ಮಟ್ಟಕ್ಕಿಳಿಯುತ್ತವೆ. ಕೈಬಿಟ್ಟ ಹೆಣ್ಣಿಗೆ ಉದಾರ ಪುರುಷನೊಬ್ಬನ ಆಶ್ರಯವೇ ಗತಿಯೆಂಬ ಹಳೆಯ ಸೂತ್ರವನ್ನು ಚಿತ್ರವು ಪೂರ್ತಿಯಾಗಿ ದಾಟಿಲ್ಲವೆಂಬ ಆಕ್ಷೇಪಕ್ಕೂ ಆಧಾರವಿದೆ. ಆದರೆ ಆ ಔದಾರ್ಯವು ಅವಳ ಸತ್ಯವಚನದ ಅನಂತರ ಬರುತ್ತದೆ, ಮೊದಲಲ್ಲ, ಎಂಬುದನ್ನು ತೂಗಿ ನೋಡಿದರೆ ಆಕ್ಷೇಪದ ತೀಕ್ಷ್ಣತೆ ತಗ್ಗುತ್ತದೆ.

ಮೊಲಕ್ಕೆ ಶಿಕ್ಷೆಯಾಗುವುದಿಲ್ಲ. ಬಾಶು ವಿಮಾನವೇರಿ, ಹೊಸ ಬೇಟೆಯನ್ನರಸಿ, ಅದೇ ಮಂದಹಾಸದೊಡನೆ ಹೊರಡುತ್ತಾನೆ. ನೀತಿಕಥೆ ಇದನ್ನು ಸಹಿಸದು. ಲೋಕವ್ಯವಹಾರ ಬಲ್ಲವರು ಸಹಿಸಬೇಕಾಗುತ್ತದೆ. ಓಟ ಮುಗಿಯಲಿಲ್ಲ, ಗೆದ್ದವರಿಲ್ಲ. ಓಟದ ಆಚೆಗೆ ನಿಂತು ಇಬ್ಬರು ಒಬ್ಬರನ್ನೊಬ್ಬರು ಅರಿತರು, ಅಷ್ಟೆ. ಆನಂದವರ್ಧನನು ವಾಚ್ಯಾರ್ಥವನ್ನು ಮೀರಿ ಹೊಳೆಯುವ ಪ್ರತೀಯಮಾನಾರ್ಥವನ್ನು ಕಾವ್ಯದ ಜೀವವೆಂದನು. ಆ ಜೀವ ಗಂಭೀರಕೃತಿಗಳಲ್ಲಿ ಮಾತ್ರ ನೆಲಸುವುದೆಂದು ಅವನು ಹೇಳಲಿಲ್ಲ. ನಗೆಯ ಚಿತ್ರವೆಂದು ಬದಿಗಿಟ್ಟಿರುವ ‘ಕಥಾ’ವನ್ನು ಸಹೃದಯರು ಇನ್ನೊಮ್ಮೆ ನೋಡಿದರೆ, ತಾವು ಹಿಂದೆ ನಕ್ಕ ಸ್ಥಳಗಳಲ್ಲಿಯೇ ಅದರ ಅರ್ಥ ಕಾದು ಕುಳಿತಿರುವುದನ್ನು ಕಾಣುವರು.